ಮುಚ್ಚಳದ ಡಾಕ್ಟರು

ಚೆನ್ನೈ ಪೆರಂಬೂರಿನ ಆ ಪುಟ್ಟ ಕ್ಲಿನಿಕ್ಕಿಗೆ ಟೋಕನ್ ಇಲ್ಲದೆ ನುಗ್ಗುತ್ತಿದ್ದುದು ಒಂದೇ ಜೀವ, ಪಕ್ಕದ ಮೀನಂಗಡಿಯ ಬೆಕ್ಕು. ಆ ಸೋಮವಾರ ಪಾವನಾ ನುಗ್ಗಿದಳು. ಬೆಕ್ಕಿಗಾದರೂ ಗದರಿಸಿದರೆ ಹೊರಗೆ ಹೋಗುವ ಬುದ್ಧಿಯಿತ್ತು.

ಅವಳ ಹೆಗಲ ಮೇಲೆ ಏಳು ವರ್ಷದ ಮಗಳು ತೂಕಡಿಸುತ್ತಿದ್ದಳು. ಹೆಸರು ಮೌನ, ಆದರೆ ಎದ್ದಾಗಿಂದ ಮಲಗುವ ತನಕ ಬಾಯಿಗೆ ಬೀಗವಿಲ್ಲದ ಹುಡುಗಿ. ಈಗ ಕೆಲವು ದಿನದಿಂದ ಮಾತಿಲ್ಲ, ನಡೆದರೆ ಕಾಲು ಅಡ್ಡಾದಿಡ್ಡಿ, ಶಾಲೆಯಲ್ಲಿ ಬೆಂಚಿನ ಮೇಲೇ ನಿದ್ದೆ. ಅವಳಿಗೆ ಫಿಟ್ಸ್ ಶುರುವಾಗಿ ಎರಡು ವರ್ಷ. ಹಿಂದಿನ ವಾರವಷ್ಟೇ ಹೊಸ ಸಿರಪ್ ಬರೆದುಕೊಟ್ಟವರು ಈ ಡಾಕ್ಟರ್ ಪ್ರಭುದೇವ. ಅವತ್ತು ಮಗುವನ್ನು ಕರೆತಂದು, ಹರಕು ತಮಿಳಿನಲ್ಲೇ ಮಾತಾಡಿ ಹೋಗಿದ್ದವರು ಅಜ್ಜಿ ಪ್ರೇಮಮ್ಮ. ಪಾವನಾ ಡಾಕ್ಟರ ಮುಖವನ್ನು ನೋಡುತ್ತಿದ್ದುದು ಇದೇ ಮೊದಲು.

ಜಗಳ ಇಂಗ್ಲಿಷಿನಲ್ಲಿ ಶುರುವಾಯಿತು. ಅವನು ಅದರ ನಡುವೆಯೇ ಮಗುವಿನ ಕಡೆ ತಿರುಗಿದ. ಮಗುವಿನ ಕಣ್ಣಿಗೆ ಟಾರ್ಚ್ ಹಿಡಿದ, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸಿದ. ಆ ಶಾಂತಿ ಕಂಡು ಪಾವನಾಗೆ ಮೈಯೆಲ್ಲ ಉರಿದುಹೋಯಿತು.

"ಮೂತಿ ನೋಡು, ಪಂಜರದಲ್ಲಿ ಗಿಣಿ ಕೂತಂಗೆ ಕೂತವ್ನೆ," ಎಂದು ಮಂಡ್ಯದ ಕನ್ನಡದಲ್ಲಿ ಗೊಣಗಿಕೊಂಡಳು.

"ಗಿಣಿಗೂ ಕನ್ನಡ ಬರತ್ತೆ ಕಣ್ರೀ," ಎಂದ ಅವನು, ತಲೆ ಎತ್ತದೆ.

ಅವಳ ಕಿವಿ ಬಿಸಿಯಾಯಿತು. ಆದರೆ ಹಿಂದೆ ಸರಿಯುವ ಜಾತಿಯಲ್ಲ ಅವಳು. "ಒಳ್ಳೇದೇ ಆಯ್ತು. ಈಗ ಕನ್ನಡದಲ್ಲೇ ಹೇಳಿ. ಏನಾಗಿದೆ ನನ್ ಮಗಳಿಗೆ?"

"ಔಷಧಿ ಜಾಸ್ತಿ ಹೋಗ್ತಿರೋ ಹಾಗಿದೆ. ಮನೇಲಿ ಯಾರು ಕೊಡ್ತಾರೆ?"

"ನಮ್ಮಮ್ಮ. ನನ್ನನ್ನೂ ಸಾಕಿದ್ದು ಅವರೇ. ನೋಡಿ, ಬದುಕಿದ್ದೀನಿ."

"ಅದು ಕಾಣ್ತಾ ಇದೆ," ಎಂದು ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ. ಕಣ್ಣಿನ ಮೂಲೆಯಲ್ಲಿ ನಗು ಇಣುಕಿ, ಸಮಯವಲ್ಲವೆಂದು ತಿಳಿದು ಹಿಂದೆ ಸರಿಯಿತು. "ಈಗಲೇ ರಕ್ತ ಪರೀಕ್ಷೆ ಮಾಡಿಸಿ. ಸಂಜೆ ಡೋಸ್ ನನ್ನನ್ನ ಕೇಳದೆ ಕೊಡಬೇಡಿ. ಯಾವ ಬಾಟಲಿಯಿಂದ, ಯಾವುದ್ರಲ್ಲಿ ಅಳೆದು ಕೊಡ್ತಾರೆ, ಅದನ್ನ ನಿಮ್ಮ ಕಣ್ಣಾರೆ ನೋಡಿ."

ತಪ್ಪು ತಾನು ಮಾಡಿ ನಮ್ಮ ತಲೆಗೆ ಕಟ್ಟುತ್ತಾನೆ ಎಂದು ಬೈದುಕೊಳ್ಳುತ್ತಲೇ ಅವಳು ಮಗುವಿನ ರಕ್ತ ಪರೀಕ್ಷೆಗೆ ಕೊಡಿಸಿ ಮನೆಗೆ ಬಂದಳು.

ಅಡುಗೆಮನೆಯ ಶೆಲ್ಫಿನಲ್ಲಿ ಸಿರಪ್ಪಿನ ಬಾಟಲಿಯೇ ಇರಲಿಲ್ಲ. ಪ್ರೇಮಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದರು. ಎರಡು ಸಲ ಕೇಳಿದ ಮೇಲೆ ಎದ್ದು, ಹಿಟ್ಟಿನ ಡಬ್ಬದ ಹಿಂದಿನಿಂದ ಒಂದು ಗ್ರೈಪ್ ವಾಟರ್ ಬಾಟಲಿ ತೆಗೆದರು.

"ಇದರೊಳಕ್ಕೆ ಬಗ್ಗಿಸಿ ಇಟ್ಟಿದೀನಿ ಕಣೆ. ಎದುರುಮನೆಯೋರು ಬಂದು ಬಂದು ಅದು ಏನು, ಇದು ಏನು ಅಂತ ಕೇಳ್ತಾರೆ. ಬಾಟ್ಲಿ ಮೇಲೆ ಬರ್ದಿರೋದನ್ನ ಓದಿದ್ರೆ ಗೊತ್ತಾಗಲ್ವಾ? ಹೆಣ್ಣುಮಗು. ನಾಳೆ ಯಾರು ಮದುವೆ ಆಗ್ತಾರೆ?"

"ಅವಳಿಗೆ ಏಳು ವರ್ಷ ಅಮ್ಮಾ!"

"ನಿಂಗೆ ಮೂವತ್ನಾಲ್ಕು."

ಆ ಮಾತು ನಾಟಿತು. ಮಗುವಿಗೆ ಮೊದಲ ಸಲ ಫಿಟ್ಸ್ ಬಂದ ವರ್ಷವೇ ಗಂಡ ವಿಚ್ಛೇದನಕ್ಕೆ ಹಾಕಿದ್ದ. ಅಂಥ ಕಾಯಿಲೆ ನಮ್ಮ ವಂಶದಲ್ಲಿಲ್ಲ, ನಿಮ್ಮದು ನೀವೇ ಇಟ್ಟುಕೊಳ್ಳಿ ಎಂದು ಅತ್ತೆ ಬೀದಿಗೆ ಕೇಳುವಂತೆ ಹೇಳಿದ್ದರು. ಪಾವನಾ ಇಟ್ಟುಕೊಂಡಳು. ಪೆರಂಬೂರಿನ ರೈಲು ಕೋಚ್ ಕಾರ್ಖಾನೆಯಲ್ಲಿ ಡಿಸೈನ್ ಇಂಜಿನಿಯರ್ ಕೆಲಸ ಹಿಡಿದು, ತಾಯಿಯನ್ನೂ ಮಗಳನ್ನೂ ಕರೆದುಕೊಂಡು ಬಂದಳು.

"ಎಷ್ಟು ಕೊಡ್ತಿದ್ದೆ?"

"ಡಾಕ್ಟ್ರು ಹೇಳಿದ್ದೇ. ಒಂದು ಮುಚ್ಚಳ. ಬೆಳಿಗ್ಗೆ ಒಂದು, ಸಂಜೆ ಒಂದು."

ಸಿರಪ್ಪಿನ ಮುಚ್ಚಳ ಐದು ಎಂ.ಎಲ್. ಗ್ರೈಪ್ ವಾಟರಿನ ಮುಚ್ಚಳ ಹತ್ತು. ಅಜ್ಜಿ ಮೊಮ್ಮಗಳ ಮಾನ ಕಾಪಾಡಲು ಹೋಗಿ, ದಿನಕ್ಕೆರಡು ಸಲ ದುಪ್ಪಟ್ಟು ಔಷಧಿ ಕುಡಿಸಿದ್ದರು. ತಿಳಿದ ಕೂಡಲೇ ಪ್ರೇಮಮ್ಮ ಸೊಪ್ಪಿನ ಮೊರದ ಮುಂದೆ ಕುಸಿದು ಕೂತು ಅಳತೊಡಗಿದರು. ಪಾವನಾಗೂ ಅಳು ಬಂದಿತ್ತು. ಆದರೆ ಅವಳ ಅಳು ಯಾವಾಗಲೂ ಸಿಟ್ಟಿನ ದಾರಿಯಲ್ಲೇ ಹೊರಗೆ ಬರುವುದು. ಎರಡೂ ಮುಚ್ಚಳ ಹಿಡಿದು ಅವಳು ಮತ್ತೆ ಕ್ಲಿನಿಕ್ಕಿಗೆ ಹೋದಳು.

ಬೆಂಚು ತುಂಬ ಜನ. ಎಲ್ಲರ ಎದುರಿಗೇ ದೊಡ್ಡ ಮುಚ್ಚಳಕ್ಕೆ ನೀರು ತುಂಬಿಸಿ ಚಿಕ್ಕದಕ್ಕೆ ಸುರಿದಳು. ಅರ್ಧ ನೀರು ಅವನ ಮೇಜಿನ ಮೇಲೆ ಹರಿಯಿತು.

"ನಮ್ಮಮ್ಮ ಬಾಟಲಿ ಬದಲಾಯಿಸಿದ್ದು ತಪ್ಪು. ಒಪ್ಕೋತೀನಿ. ಆದ್ರೆ ಒಂದು ಮುಚ್ಚಳ ಅಂದವರು ಯಾರು? ಯಾವ ಮುಚ್ಚಳ ಅಂತ ಹೇಳಿದ್ರಾ? ನಾನು ಕಾರ್ಖಾನೇಲಿ ಒಂದು ಮುಚ್ಚಳ ಉದ್ದದ ಬೋಲ್ಟ್ ಹಾಕಿ ಅಂದ್ರೆ ರೈಲು ಓಡತ್ತೇನ್ರೀ?"

ಪ್ರಭುದೇವ ಹರಿಯುತ್ತಿದ್ದ ನೀರನ್ನು ನೋಡಿದ. ಅವನ ಬಾಯಲ್ಲಿ ಆ ಮಾತು ರೂಢಿಯಾಗಿಬಿಟ್ಟಿತ್ತು. ಚೀಟಿಯಲ್ಲಿ ಅಳತೆ ಬರೆದರೂ, ಕೊಡುವಾಗ ಎಲ್ಲರಿಗೂ ಒಂದೇ ಮಾತು, ಒರು ಮೂಡಿ ಕುಡುಂಗ, ಒಂದು ಮುಚ್ಚಳ ಕೊಡಿ. ಅವನು ಎದ್ದು ನಿಂತ.

"ತಪ್ಪು ನಂದು," ಎಂದ. ಬೆಂಚಿನ ಮೇಲಿದ್ದವರ ಕಡೆ ತಿರುಗಿ ಅದನ್ನೇ ತಮಿಳಿನಲ್ಲಿ ಹೇಳಿದ. ಅವತ್ತು ಬಂದ ಪ್ರತಿಯೊಬ್ಬ ತಾಯಿಯ ಕೈಗೂ ಸೂಜಿಯಿಲ್ಲದ ಸಿರಿಂಜ್ ಕೊಟ್ಟು, ನೀರು ಎಳೆದು ತೋರಿಸಿ ಎಂದು ಕೂರಿಸಿಕೊಂಡ.

ಜಗಳಕ್ಕೆ ಸೊಂಟ ಕಟ್ಟಿ ಬಂದವಳಿಗೆ ಎದುರಾಳಿಯೇ ಇಲ್ಲವಾದಂತಾಯಿತು. ಗಂಡಸೊಬ್ಬ ಇಷ್ಟು ಜನರೆದುರು ತಪ್ಪು ನಂದು ಎಂದು ಹೇಳಿದ್ದನ್ನು ಅವಳು ಹಿಂದೆ ಕಂಡಿರಲಿಲ್ಲ. ಆಟೋದಲ್ಲಿ ಮನೆಗೆ ಬರುವಾಗ ಅವನ ಮೇಲೆ ಹೊಸದಾಗಿ ಇನ್ನೊಂದು ಸಿಟ್ಟು ಬಂತು: ಇಷ್ಟು ಚೆನ್ನಾಗಿರಬಾರದಿತ್ತು ಈ ಮನುಷ್ಯ.

ಅಳತೆ ಸರಿಹೋದ ಮೇಲೆ ವಾರದೊಳಗೆ ಮೌನಳ ಬಾಯಿ ಮತ್ತೆ ಬಿಚ್ಚಿಕೊಂಡಿತು. ಅವಳು ಅವನಿಗೆ ಇಟ್ಟ ಹೆಸರು ಮೂಡಿ ಡಾಕ್ಟರ್. ಪೆರಂಬೂರಿನ ಅರ್ಧ ಮಕ್ಕಳು ಅದನ್ನೇ ಕಲಿತರು.

"ನಿಮ್ಮ ಮಗಳು ನನ್ನ ಮಾನ ತೆಗೆದ್ಲು," ಎಂದ ಅವನು ಒಂದು ಸಂಜೆ. ಮನೆ ಹಾದಿಯಲ್ಲೇ ಇದೆ ಎಂದು ನೆಪ ಹೇಳಿ, ಪ್ರೇಮಮ್ಮನ ಬಸ್ಸಾರಿನ ಮುಂದೆ ಕೂತಿದ್ದ. ಅವನ ಮನೆ ತಾಂಬರಂನಲ್ಲಿ, ಹಾದಿ ಪೂರ್ತಿ ಉಲ್ಟಾ.

"ಇದ್ರೆ ತಾನೆ ತೆಗೆಯೋದು?" ಪಾವನಾ ಮುದ್ದೆ ಬಡಿಸಿದಳು.

"ಇತ್ತು ಕಣ್ರೀ. ನೀವು ಮೇಜಿನ ಮೇಲೆ ನೀರು ಚೆಲ್ಲೋ ತನಕ ಇತ್ತು."

ಅವನು ಮುದ್ದೆಯನ್ನು ಅಗಿಯುತ್ತಿದ್ದ. ದಾವಣಗೆರೆಯ ರೊಟ್ಟಿ ತಿಂದು ಬೆಳೆದ ಮನೆತನ. ಅಗಿಯಬಾರದು, ನುಂಗಬೇಕು ಎಂದು ಅವಳು ತೋರಿಸಿಕೊಟ್ಟಳು. ಅವನು ಅವಳ ಬೆರಳನ್ನು ನೋಡಿದ, ಆಮೇಲೆ ತುಟಿಯನ್ನು, ಆಮೇಲೆ ಗಾಬರಿಯಿಂದ ಗೋಡೆಯ ಕ್ಯಾಲೆಂಡರನ್ನು. ಅವಳಿಗೆ ಎಲ್ಲವೂ ಕಂಡಿತು. ಕಂಡಿಲ್ಲವೆಂಬಂತೆ ಇನ್ನೊಂದು ಸೌಟು ಸಾರು ಹಾಕಿದಳು. ಅದು ತಟ್ಟೆ ತುಂಬಿ ಅವನ ಪ್ಯಾಂಟಿನ ಮೇಲೆ ಬಿತ್ತು.

ಹೀಗೆ ನಡೆಯುತ್ತಿದ್ದಾಗ ಒಂದು ಶನಿವಾರ ಅವನು ಅವಳ ಕೈಗೆ ಒಂದು ರೆಫರೆನ್ಸ್ ಚೀಟಿ ಕೊಟ್ಟ. ಇನ್ನು ಮುಂದೆ ಮೌನಳನ್ನು ಎಗ್ಮೋರಿನಲ್ಲಿರುವ, ಮಕ್ಕಳ ಫಿಟ್ಸ್ ನೋಡುವ ಡಾಕ್ಟರಮ್ಮನಿಗೆ ತೋರಿಸಬೇಕಂತೆ.

ಪಾವನಾ ಚೀಟಿಯನ್ನು ಎರಡು ಸಲ ಓದಿದಳು. ಹಿಂದೆಯೂ ಹೀಗೆಯೇ ಒಂದು ಕಾಗದ ಬಂದಿತ್ತು, ಗಂಡನ ವಕೀಲನಿಂದ.

"ಸಾಕಾಯ್ತಾ? ಕೈ ತೊಳ್ಕೊಂಡ್ರಾ?" ಅವಳು ಚೀಟಿಯನ್ನು ಅವನ ಮುಂದೆ ಹಿಡಿದಳು. "ನೇರವಾಗಿ ಹೇಳಿ. ಬಿಟ್ಟುಹೋಗೋದು ನಮಗೇನೂ ಹೊಸದಲ್ಲ."

"ಪಾವನಾ, ಕೂತ್ಕೊಳ್ಳಿ."

"ಕೂರಲ್ಲ."

"ಸರಿ, ನಿಂತೇ ಕೇಳಿ." ಅವನು ಸ್ಟೆತಾಸ್ಕೋಪ್ ತೆಗೆದು ಮೇಜಿನ ಮೇಲಿಟ್ಟ. "ಪೇಶೆಂಟ್ ಮಗುವಿನ ತಾಯಿನ ನಾನು ಈ ಥರ ನೋಡೋ ಹಾಗಿಲ್ಲ. ಅದು ಸರಿಯಲ್ಲ. ನೋಡದೆ ಇರೋಕೆ ಪ್ರಯತ್ನಪಟ್ಟೆ. ಆಗಲಿಲ್ಲ. ಅದಕ್ಕೆ ಮೌನಾಗೆ ನನಗಿಂತ ಒಳ್ಳೆ ಡಾಕ್ಟರನ್ನ ಹುಡುಕಿದೆ. ಇನ್ನು ನಾನು ಅವಳ ಡಾಕ್ಟರ್ ಅಲ್ಲ. ಅವಳಿಗೆ ಬೇರೆ ಏನಾಗಬಹುದು ಅನ್ನೋದನ್ನ ನೀವೇ ಹೇಳಬೇಕು."

ಪಾವನಾ ಕೈಯಲ್ಲಿದ್ದ ಚೀಟಿಯನ್ನು ಮಡಚಿದಳು. ಆಮೇಲೆ, "ಮೊದಲೇ ಹೇಳೋಕೇನಾಗಿತ್ತು?" ಎಂದು ಗದರಿ, ಕೂತುಬಿಟ್ಟಳು. ಅವನು ಎದುರಿನ ಸ್ಟೂಲ್ ಎಳೆದುಕೊಂಡು ಕೂತ. ಹೊರಗೆ ಟೋಕನ್ ಹಿಡಿದವರು ಬಾಗಿಲು ತಟ್ಟುತ್ತಿದ್ದರು. ಅವರಿಬ್ಬರೂ ಸುಮ್ಮನೆ ನಗುತ್ತ ಕೂತಿದ್ದರು.

ಮದುವೆಯ ಮಾತುಕತೆಗೆ ತಾಂಬರಂನ ಮನೆಯಲ್ಲಿ ದಿನ ಗೊತ್ತಾಯಿತು. ಪ್ರಭುದೇವನ ತಾಯಿ ಸರ್ವಮಂಗಳಾ ಬಾಗಿಲಲ್ಲೇ ನಿಂತು, "ಬರ್ರಿ, ಬರ್ರಿ, ಕುಂದರ್ರಿ," ಎಂದು ಕರೆದರು. ಚೆನ್ನೈಗೆ ಬಂದು ನಲವತ್ತು ವರ್ಷವಾದರೂ ನಾಲಿಗೆ ಊರು ಬಿಟ್ಟಿರಲಿಲ್ಲ. ಮೌನಳ ಕೆನ್ನೆ ಹಿಂಡಿ, ಕೈಗೆ ಉಂಡೆ ಕೊಟ್ಟರು. ಹಾಲಿನಲ್ಲಿ ನೆಂಟರು ಸೇರುತ್ತಿದ್ದರು. ನಡುವೆ, ದೊಡ್ಡಪ್ಪ ಗಂಗಾಧರಪ್ಪ. ಮನೆತನದ ಯಾವ ಮದುವೆಯೂ ಅವರ ತಲೆಯಾಡದೆ ನಡೆದಿರಲಿಲ್ಲ.

ಸರ್ವಮಂಗಳಾ ಪಾವನಾ ಮತ್ತು ಪ್ರೇಮಮ್ಮನನ್ನು ಅಡುಗೆಮನೆಗೆ ಕರೆದರು. ಪ್ರಭುದೇವನೂ ಹಿಂದೆ ಬಂದ.

"ನೋಡವಾ," ಎಂದರು ಸಣ್ಣ ದನಿಯಲ್ಲಿ, "ಬ್ಯಾರೆ ಜನ ಅಂದ, ಸುಮ್ನಾದೆ. ಎರಡನೇ ಮದುವಿ ಅಂದ, ಸುಮ್ನಾದೆ. ಮಗಾ ಐತಿ ಅಂದ, ಖುಷಿಪಟ್ಟೆ. ಆದರ ಈ ಮೂರ್ಛಿ ಸುದ್ದಿ ಮಾತ್ರ ಇವತ್ತು ಬ್ಯಾಡ. ಮದುವಿ ಮುಗೀಲಿ, ಆಮ್ಯಾಲೆ ನೋಡೋಣು. ಔಷಧಿ ಏನಿದ್ರೂ ಒಳಗ, ಕದ ಹಾಕ್ಕೊಂಡು ಕೊಡು."

ಪ್ರೇಮಮ್ಮ ಆಗಲೇ ತಲೆಯಾಡಿಸಿಬಿಟ್ಟಿದ್ದರು.

ಪಾವನಾ ಪ್ರಭುದೇವನ ಕಡೆ ತಿರುಗಿದಳು. ಅವನು ಅವಳನ್ನು ನೋಡಲಿಲ್ಲ. ತಾಯಿಯ ಮುಖ ನೋಡಿದ. ಒಂದೇ ಕ್ಷಣ. ಆ ಒಂದು ಕ್ಷಣದಲ್ಲಿ ಅವಳೊಳಗೆ ಏನೋ ತಣ್ಣಗಾಯಿತು. ಈ ಮನುಷ್ಯ ಬೇಕು ಎಂದು ಅವಳ ಮೈಮನಸ್ಸೆಲ್ಲ ಹೇಳುತ್ತಿತ್ತು. ಇಷ್ಟು ಆಸೆ ಜೀವನದಲ್ಲಿ ಇನ್ಯಾವುದಕ್ಕೂ ಪಟ್ಟಿರಲಿಲ್ಲ. ಆದರೆ ಮಗಳು ಮತ್ತೆ ಹಿಟ್ಟಿನ ಡಬ್ಬದ ಹಿಂದೆ ಬೆಳೆಯಬೇಕೆಂದರೆ, ಆ ಆಸೆಗೂ ಒಂದು ನಮಸ್ಕಾರ.

"ಅಮ್ಮಾ, ಮರುಂದು ಟೈಮ್ ಆಚು," ಎಂದು ಮೌನ, ಔಷಧಿಯ ಹೊತ್ತಾಯಿತೆಂದು ತಮಿಳಿನಲ್ಲಿ ಹಾಲಿನಿಂದ ಕೂಗಿದಳು.

"ಬಂದೆ ಕಂದಾ," ಎಂದು ಪಾವನಾ ಬ್ಯಾಗಿನಿಂದ ಬಾಟಲಿ, ಸಿರಿಂಜ್ ತೆಗೆದಳು. ಪ್ರೇಮಮ್ಮ ಸೆರಗು ಹಿಡಿದು ಎಳೆದರು. ಅವಳು ಬಿಡಿಸಿಕೊಂಡು ಹಾಲಿನ ನಡುವೆ ಹೋಗಿ, ಜಮಖಾನದ ಮೇಲೆ ಕೂತು, ಐದರ ಗೆರೆಗೆ ಔಷಧಿ ಎಳೆದಳು. ಮೌನ ಬಾಯಿ ತೆರೆದಳು, ಕುಡಿದಳು, ಮುಖ ಕಿವುಚಿದಳು. ನೆಂಟರೆಲ್ಲ ತಿರುಗಿ ನೋಡಿದರು.

"ಏನವಾ ಅದು?" ಎಂದರು ಗಂಗಾಧರಪ್ಪ. "ಕೆಮ್ಮಿಂದೇನು?"

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು.

"ಅಲ್ಲ ಸಾರ್. ಫಿಟ್ಸಿಂದು. ನನ್ನ ಮಗಳಿಗೆ ಫಿಟ್ಸ್ ಇದೆ. ದಿನಾ ಎರಡು ಸಲ ಕೊಡ್ತೀನಿ. ನಿಮ್ಮ ಮನೇಲಿದ್ರೂ ಹೀಗೇ ಹಾಲಲ್ಲೇ ಕೂತು ಕೊಡ್ತೀನಿ. ಒಂದ್ಸಲ ಬಚ್ಚಿಟ್ಟು ಮಗೂನ ಕಳ್ಕೊಳ್ಳೋದ್ರಲ್ಲಿದ್ವಿ. ಇನ್ನು ಬಚ್ಚಿಡಲ್ಲ."

ಗಂಗಾಧರಪ್ಪ ಶಲ್ಯ ಕೊಡವಿ ಎದ್ದರು. "ಏನಪಾ ಪ್ರಭು, ಇದು ನಿನಗ ಗೊತ್ತಿತ್ತೇನು? ಹಿಂಗಾದ್ರ ಈ ಮದುವಿಗೆ ನಾವ್ಯಾರೂ ಬರಂಗಿಲ್ಲ."

ಪ್ರಭುದೇವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಮುಖ ಬಿಳಿಚಿತ್ತು. ಅವನು ನಡೆದು ಬಂದು, ಜಮಖಾನದ ಮೇಲೆ ಪಾವನಾಳ ಪಕ್ಕ ಕೂತ.

"ಸರಿ ದೊಡ್ಡಪ್ಪ," ಎಂದ. "ಊಟ ಮಾಡ್ಕೊಂಡು ಹೋಗಿ."

ಅರ್ಧ ನೆಂಟರು ಊಟ ಮಾಡದೇ ಹೋದರು. ಉಳಿದ ಅರ್ಧ, ಹೋಳಿಗೆಯ ವಾಸನೆಗೋ ಮುಂದೇನು ನೋಡೋಣವೆಂಬ ಕುತೂಹಲಕ್ಕೋ, ಎಲೆಯ ಮುಂದೆ ಕೂತರು. ಸರ್ವಮಂಗಳಾ ಬಹಳ ಹೊತ್ತು ಕಂಬಕ್ಕೆ ಒರಗಿ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಸಿಟ್ಟೂ ಇತ್ತು. ಕೊನೆಗೆ ಮೌನಳ ಬಳಿ ಬಂದು, "ಕಹಿ ಐತೇನವಾ? ಮ್ಯಾಲೆ ಬೆಲ್ಲ ತಿನ್ನಬಹುದೇನು?" ಎಂದು ಕೇಳಿದರು.

"ತಿನ್ನಲಾಂ ಪಾಟ್ಟಿ," ತಿನ್ನಬಹುದು ಅಜ್ಜಿ ಎಂದು ಅವಳು ಎರಡು ಭಾಷೆ ಬೆರೆಸಿ ಹೇಳಿ, ಕೈ ಚಾಚಿದಳು.

ಪಾವನಾ ಹೊರಗಿನ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. ಪ್ರಭುದೇವ ಹಿಂದೆಯೇ ಬಂದ. ಮುಟ್ಟಲು ಧೈರ್ಯವಾಗದೆ ಒಂದು ಮೆಟ್ಟಿಲು ಕೆಳಗೆ ನಿಂತ.

"ಒಳಗೆ, ಅಮ್ಮ ಹೇಳಿದಾಗ, ನಾನು ನಿಮ್ಮ ಕಡೆ ನೋಡಲಿಲ್ಲ."

"ಗೊತ್ತು."

"ಹೆದರಿದೆ. ದಿನಾ ನಾನೇ ಎಲ್ಲರಿಗೂ ಮುಚ್ಚಿಡಬೇಡಿ ಅಂತ ಬುದ್ಧಿ ಹೇಳ್ತೀನಿ. ನನ್ನ ಮನೆಗೆ ಬಂದಾಗ ಬಾಯಿ ಕಟ್ಟಿಹೋಯ್ತು." ಅವನು ತಲೆ ಎತ್ತಿದ. "ಕ್ಷಮಿಸ್ತೀರಾ ಪಾವನಾ?"

ಅವಳು ಅವನನ್ನೇ ನೋಡಿದಳು. ಮುಖ ತುಂಬ ಬೆವರು. ಯಾವ ಸಿನಿಮಾ ನಾಯಕನೂ ಇಷ್ಟು ಹೆದರಿ ನಿಂತಿರಲಾರ. ಆದರೂ ಹೆದರಿಕೊಂಡೇ ಬಂದು ಅವಳ ಪಕ್ಕ ನೆಲಕ್ಕೆ ಕೂತಿದ್ದ.

"ಇಲ್ಲ, ಕ್ಷಮಿಸಲ್ಲ," ಎಂದು ಅವಳು ಒಂದು ಮೆಟ್ಟಿಲು ಇಳಿದು ಅವನ ಕೈ ಹಿಡಿದಳು. "ಮದುವೆ ಆಗ್ತೀನಿ. ಕ್ಷಮಿಸೋದನ್ನ ಆಮೇಲೆ ನಿಧಾನಕ್ಕೆ ನೋಡೋಣ."