ಇಪ್ಪತ್ತೇಳನೇ ಕಲ್ಲಿನ ಬಾಣ

ನವೆಂಬರ್ 16, 2025, ಭಾನುವಾರ. ಬೆಳಿಗ್ಗೆ 9.40ಕ್ಕೆ ಬಸವನ ಬಾಗೇವಾಡಿ ಠಾಣೆಯ ಮೆಟ್ಟಿಲು ಹತ್ತಿ ಬಂದ ಅಮಿತನನ್ನು ಕಂಡು ಪಹರೆಯ ಕಾನ್‌ಸ್ಟೇಬಲ್ ಮೀಸೆಯ ಮರೆಯಲ್ಲೇ ನಕ್ಕ. ಮೈಗಂಟಿದ ಚಡ್ಡಿ, ಗಿಳಿಹಸಿರು ಅಂಗಿ, ತಲೆಯ ಮೇಲೆ ಹೆಲ್ಮೆಟ್, ಅದರ ಮೇಲೊಂದು ಬೆಂಕಿಪೊಟ್ಟಣದಷ್ಟು ಕ್ಯಾಮೆರಾ. ಊರಲ್ಲಿ ಔಷಧ ಅಂಗಡಿ ಇಟ್ಟುಕೊಂಡವನು, ಗಲ್ಲಾದ ಮುಂದೆ ಕೂತಾಗ ಎಲ್ಲರ ಹಾಗೆ ಪ್ಯಾಂಟು ತೊಡುವವನೇ. ಆದರೆ ಇಂದು ಅವನ ತೋಳಿಗೆ ರಕ್ತ ಹತ್ತಿತ್ತು. ಅದನ್ನು ನೋಡಿದ ಮೇಲೆ ಪಹರೆಯವನ ನಗು ಅಲ್ಲೇ ಇಂಗಿಹೋಯಿತು.

ಪಿಎಸ್‌ಐ ರಾಜಶ್ರೀ ಅವನನ್ನು ಕೂರಿಸಿ ನೀರು ಕೊಡಿಸಿದಳು.

"ಏನಾಗೇತಿ ಹೇಳ್ರಿ."

"ನಮ್ಮ ಗುಂಪಿನ ವಿದ್ಯಾವತಿ ಮೇಡಂ ಮೋರ್ಯಾಗ ಬಿದ್ದಾರ್ರಿ. ಹೆಗಲಿನ ಎಲುಬು ಮುರದೈತಿ. ತಾವಾಗೇ ಬಿದ್ದಿಲ್ರಿ. ಯಾರೋ ಬೀಳಿಸ್ಯಾರ."

ಅಮಿತನ ಗುಂಪಿನಲ್ಲಿ ಹದಿನಾಲ್ಕು ಜನ. ಡಾಂಬರಿಗೂ ಗರಸಿನ ಜಲ್ಲಿಮಣ್ಣಿಗೂ ಒಗ್ಗುವ ಸೈಕಲ್ ಕೊಂಡು, ಕಾಲುವೆ ದಂಡೆಯ ಗರಸಿನ ದಾರಿಯ ಹುಚ್ಚು ಹಿಡಿಸಿಕೊಂಡವರು. ಬಾಗೇವಾಡಿಯಿಂದ ಹೊರಟು ಮುದ್ದೇಬಿಹಾಳ, ಸಿಂದಗಿ, ಇಂಡಿ ಸುತ್ತಿ ಬರುವ ದೊಡ್ಡ ಸವಾರಿಯೊಂದನ್ನು ಡಿಸೆಂಬರಿನಲ್ಲಿ ಇಟ್ಟುಕೊಂಡಿದ್ದರು. ಅದರ ತಾಲೀಮಿಗೆಂದು ಒಂದು ತಿಂಗಳಿಂದ ದಿನಾಲೂ ನಸುಕಿನ ಐದಕ್ಕೆ ಹೊರಡುತ್ತಿದ್ದರು. ದಾರಿ ತಪ್ಪಬಾರದೆಂದು ಕಾಲುವೆಯ ಕಿಲೋಮೀಟರ್ ಕಲ್ಲುಗಳ ಮೇಲೆ ಹಳದಿ ಬಣ್ಣದ ಬಾಣ ಬರೆದಿದ್ದರು. ಮಸೂತಿ ಎಂಬ ಹಳ್ಳಿಯ ಆಚೆ ಇಪ್ಪತ್ತೇಳನೇ ಕಲ್ಲಿನ ಬಾಣ ನೇರ ಇದ್ದದ್ದು, ಈ ದಿನ ಬಲಕ್ಕೆ, ಹೊಲದ ದಾರಿಗೆ ತಿರುಗಿತ್ತು. ಎಲ್ಲರಿಗಿಂತ ಮುಂದಿದ್ದ ವಿದ್ಯಾವತಿ ಅತ್ತ ತಿರುಗಿ, ಮಳೆಗೆ ಕೊಚ್ಚಿಹೋಗಿದ್ದ ಮೋರಿಯಲ್ಲಿ ಆರಡಿ ಕೆಳಗೆ ಬಿದ್ದಿದ್ದಳು. ಆಗ ಸಮಯ 5.50.

10.25ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆಯ ಕಲಂ 125(ಬಿ), ಆರೋಪಿತರು ಅಪರಿಚಿತರು.

11.30ಕ್ಕೆ ರಾಜಶ್ರೀ ಮತ್ತು ಹೆಡ್ ಕಾನ್‌ಸ್ಟೇಬಲ್ ಬಂದೇನವಾಜ ಸ್ಥಳಕ್ಕೆ ಹೋದರು. ಇಬ್ಬರು ಪಂಚರ ಎದುರು ಪಂಚನಾಮೆ ನಡೆಯಿತು. ಕಲ್ಲಿನ ಮೇಲಿದ್ದ ಹಳದಿ ಬಾಣ ಕಾಣದ ಹಾಗೆ ಸುಣ್ಣ ಬಳಿದು, ಅದರ ಮೇಲೆ ಕೆಮ್ಮಣ್ಣಿನಲ್ಲಿ ಹೊಸ ಬಾಣ ಬರೆದಿದ್ದರು. ಬಾಣದ ಬುಡಕ್ಕೆ, ಕಲ್ಲಿನ ಅಗಲಕ್ಕೂ, ಮೂರು ಬೆರಳಿನಿಂದ ಎಳೆದ ಮೂರು ಗೆರೆ. ಎರಡು ದಪ್ಪ, ನಡುವಿನದು ತೆಳು.

"ಬಾಣ ಬರದದ್ದು ತಿಳೀತು. ಈ ಗೆರಿ ಯಾತಕ್ಕ?" ಎಂದ ಬಂದೇನವಾಜ.

ರಾಜಶ್ರೀ ಗೆರೆಯ ಫೋಟೋ ತೆಗೆದುಕೊಂಡಳು. ಅವಳ ತವರು ನಾಲತವಾಡದ ಬಳಿಯ ಹಳ್ಳಿ. ಗೋಡೆಗಾಗಲಿ ಕಟ್ಟೆಗಾಗಲಿ ಸುಣ್ಣ ಹಚ್ಚಿದ ಮೇಲೆ ಅಂಚಿಗೆ ಕೆಮ್ಮಣ್ಣಿನ ಗೆರೆ, ಅಂದರೆ ಕಾರಣಿ, ಎಳೆಯದೆ ಅವಳ ಅವ್ವ ಕೈ ತೊಳೆದದ್ದೇ ಇಲ್ಲ. ಇದು ಹೆಂಗಸಿನ ಕೈ ಎಂದು ರಾಜಶ್ರೀಗೆ ಅಲ್ಲೇ ಅನ್ನಿಸಿತು. ಅನ್ನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲವಲ್ಲ.

ಬಂದೇನವಾಜನ ಗುಮಾನಿ ಬೇರೆಯೇ ಇತ್ತು. ದಂಡೆಗೆ ಹತ್ತಿದ ಹೊಲ ಗುರಲಿಂಗಪ್ಪನದು. ಅವನು ಸೈಕಲ್ಲಿನವರ ಜನ್ಮ ಜಾಲಾಡಿದ್ದನ್ನು ಮಸೂತಿಯಲ್ಲಿ ಕೇಳದವರಿರಲಿಲ್ಲ. 1.10ಕ್ಕೆ ಅವನನ್ನು ಹೊಲದಲ್ಲೇ ವಿಚಾರಿಸಿದರು.

"ಸೈಕಲ್ಲಿನವರಿಗೆ ಬೈದದ್ದು ಖರೇ ಏನ್ರಿ?"

"ಖರೇ ಐತ್ರಿ. ತೊಗರಿಯೊಳಗ ಸೈಕಲ್ ಒರಗಿಸಿ ಫೋಟೋ ಹೊಡಕೊಳ್ಳಾಕತ್ತಿದ್ರು. ಬೈದೇನಿ. ನಾಳೆ ಬಂದ್ರೂ ಬೈತೇನಿ."

"ಬಾಣ ತಿರುಗಿಸಿದ್ದೂ ನೀವೇನು?"

"ಮೇಡಮ್ಮಾರ, ಬಾಣ ಯಾ ಕಡೀಗೆ ತಿರಗೇತಿ ನೋಡ್ರಿ. ನನ್ನ ಹೊಲದ ಕಡೀಗೆ. ಅವರನ್ನ ನಾನಾಗೇ ಕರದು ತೊಗರಿ ತುಳಿಸಿಕೊಳ್ಳಲೇನು?"

ಮಾತಿಗೆ ಮಾತು ಸರಿಯಾಗಿಯೇ ಇತ್ತು. ಬಂದೇನವಾಜ ಟೋಪಿ ತೆಗೆದು ತಲೆ ಕೆರೆದುಕೊಂಡ.

ಮೂರು ಗಂಟೆಗೆ ಆಸ್ಪತ್ರೆಯಲ್ಲಿ ವಿದ್ಯಾವತಿಯ ಹೇಳಿಕೆ ಪಡೆದರು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುವವಳು, ನೋವಿನಲ್ಲೂ ಮಾತು ಒಪ್ಪವಾಗಿತ್ತು. ಬಾಣದ ಬಣ್ಣ ಬೇರೆ ಎನ್ನುವುದು ದೀಪದ ಬೆಳಕಿನಲ್ಲಿ ಕಂಡಿತ್ತಂತೆ, ಹೊಸದಾಗಿ ಬರೆದಿರಬೇಕು ಎಂದುಕೊಂಡಳಂತೆ.

"ಬಿದ್ದ ಮ್ಯಾಲೆ ಮೊದಲು ಬಂದವರು ಯಾರು?"

"ನಮ್ಮವರಲ್ರಿ. ಒಬ್ಬ ಹೆಣ್ಣಮಗಳು ಓಡಿ ಬಂದ್ಲು. ಸೀರಿ ಸೆರಗು ಹರದು ಕೈ ಕಟ್ಟಿದ್ಲು. ನನ್ನ ತಲಿ ತೊಡಿ ಮ್ಯಾಲೆ ಇಟ್ಕೊಂಡು ಒಂದ ಸವನ ತಪ್ಪಾತವ್ವಾ, ತಪ್ಪಾತವ್ವಾ ಅಂತಿದ್ಲು. ಅಕೀ ಯಾಕ ತಪ್ಪಾತು ಅನ್ನಬೇಕು ಅಂತ ಈಗ ಅನಸಾಕತ್ತೈತಿ."

ಸಂಜೆ 6.15ಕ್ಕೆ ಠಾಣೆಯಲ್ಲಿ ಅಮಿತನ ಕ್ಯಾಮೆರಾದ ಹಿಂದಿನ ವಾರಗಳ ವಿಡಿಯೊ ಹಾಕಿಸಿ ನೋಡಿದರು. ಕಲ್ಲಿನ ಹತ್ತಿರ ಯಾರಾದರೂ ಸುಳಿದಾಡಿದ್ದು ಕಂಡೀತು ಎಂಬ ಆಸೆ. ಕಂಡದ್ದು ಬೇರೆ. ಇಪ್ಪತ್ತೇಳನೇ ಕಲ್ಲು ದಾಟಿದೊಡನೆ ದಂಡೆಯ ಇಳಿಜಾರಿನಲ್ಲಿ, ದೀಪದ ಬೆಳಕು ಬಿದ್ದ ಕಡೆಯೆಲ್ಲ, ಒಬ್ಬೊಬ್ಬರಾಗಿ ಹೆಂಗಸರು ಎದ್ದು ನಿಲ್ಲುತ್ತಿದ್ದರು. ಮುಖದ ಮೇಲೆ ಸೆರಗು. ಹದಿನಾಲ್ಕೂ ಸೈಕಲ್ಲು ದಾಟುವವರೆಗೆ ಹಾಗೇ ನಿಂತಿರುತ್ತಿದ್ದರು. ಸವಾರರು ಒಳ್ಳೆಯ ಮನಸ್ಸಿನವರು, ಹೋಗುತ್ತ ಹೋಗುತ್ತ ಎಲ್ಲರಿಗೂ ನಮಸ್ಕಾರ ಹೇಳುತ್ತಿದ್ದರು.

"ಕೂಲಿಯವರು ಇರಬೇಕ್ರಿ. ದಿನಾ ಇರ್ತಾರ," ಎಂದ ಅಮಿತ.

"ಅವರ ಪಾದದ ಹತ್ರ ನೋಡ್ರಿ."

ಅಮಿತ ಬಗ್ಗಿ ನೋಡಿದ. ಪ್ರತಿಯೊಬ್ಬರ ಪಾದದ ಬಳಿಯೂ ಒಂದೊಂದು ತಂಬಿಗೆ. ಅವನ ಮುಖ ಕೆಂಪಾಯಿತು. ಬಂದೇನವಾಜ ಎದ್ದು ಹೊರಗೆ ಹೋಗಿ ನಿಂತ. ಹನ್ನೊಂದು ವರ್ಷದವಳಾಗುವವರೆಗೆ ತಾನೂ ಅವ್ವನ ಹಿಂದೆ ತಂಬಿಗೆ ಹಿಡಿದು ನಡೆದವಳು ರಾಜಶ್ರೀ. ಲಾರಿಯ ದೀಪ ಬಿದ್ದಾಗ ಎದ್ದು ನಿಲ್ಲುವುದು ಎಂಥದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಿಟ್ಟು ಬಂತು. ಯಾರ ಮೇಲೆ ಸಿಟ್ಟಾಗಬೇಕು ಎಂಬುದೊಂದು ತಿಳಿಯಲಿಲ್ಲ.

ಮರುದಿನ ಸೋಮವಾರ ಇಡೀ ಹೊತ್ತು ಕೋರ್ಟಿನ ಬಂದೋಬಸ್ತಿನಲ್ಲೇ ಕಳೆಯಿತು. ಸಂಜೆ 5.15ಕ್ಕೆ ರಾಜಶ್ರೀ ಕಾಲುವೆಯ ಕೆಳಗಿನ ವಸ್ತಿಗೆ ಹೋದಳು. ಹೊಲದ ಜಾಗದಲ್ಲಿ ಕಟ್ಟಿಕೊಂಡ ಹತ್ತೊಂಬತ್ತು ಮನೆ. ಊರಿನ ನಕ್ಷೆಯಲ್ಲಿ ಇಲ್ಲದ ಮನೆಗಳಾದ್ದರಿಂದ ಒಂದಕ್ಕೂ ಪಾಯಖಾನೆ ಮಂಜೂರಾಗಿರಲಿಲ್ಲ. ರಾಜಶ್ರೀ ಯಾರನ್ನೂ ಮಾತಾಡಿಸದೆ ಹೊಸ್ತಿಲು ನೋಡುತ್ತ ನಡೆದಳು. ಎಲ್ಲ ಕಟ್ಟೆಗೂ ಸುಣ್ಣ, ಎಲ್ಲದಕ್ಕೂ ಕಾರಣಿ. ಏಳನೆಯ ಮನೆಯ ಕಾರಣಿಯಲ್ಲಿ ಮೂರು ಗೆರೆ, ನಡುವಿನದು ತೆಳು.

ಜೋಳ ಹಸನು ಮಾಡುತ್ತ ಕೂತಿದ್ದ ರುಕ್ಮವ್ವನಿಗೆ ಐವತ್ತೈದರ ಆಸುಪಾಸು. ಬಲಗೈಯ ನಡುಬೆರಳಿನ ತುದಿ ಎಂದೋ ಕುಡುಗೋಲಿಗೆ ಹೋಗಿತ್ತು. ಉಟ್ಟ ಸೀರೆಯ ಸೆರಗು ಒಂದು ಗೇಣು ಹರಿದಿತ್ತು.

"ದೊಡ್ಡವ್ವಾ, ಕಾಲುವಿ ಕಲ್ಲಿಗೆ ಸುಣ್ಣ ಹಚ್ಚಿದವರು ನೀವೇನು?"

ರುಕ್ಮವ್ವ ಮೊರ ಕೆಳಗಿಟ್ಟಳು. "ಹೌದ್ರಿ ಬಾಯಾರ."

"ಯಾವಾಗ?"

"ಶನಿವಾರ ಸಂಜೀಕ, ದನಾ ಹೊಡಕೊಂಡು ಬರೋ ಮುಂದ."

"ಕೆಳಗ ಕಾರಣಿ ಯಾಕ ಎಳದ್ರಿ? ಅದರಿಂದಾನ ಸಿಕ್ಕೀರಿ."

"ಸುಣ್ಣ ಹಚ್ಚಿ ಬರೇ ಬಿಳೇದು ಬಿಡಬಾರದ್ರಿ. ನಾ ಎಳೀಲಿಲ್ಲ, ಕೈ ತಾನ ಎಳೀತು."

"ಆ ದಾರ್ಯಾಗ ಮೋರಿ ಕಿತ್ತೈತಿ. ಗೊತ್ತಿತ್ತಲ್ಲ?"

"ಗೊತ್ತಿತ್ರಿ. ದಿನಾ ಹುಲ್ಲಿನ ಹೊರಿ ಹೊತ್ಕೊಂಡು ಅಲ್ಲೇ ಇಳದು ಹತ್ತತೇನಿ. ಅವರೂ ಇಳದು ಹತ್ತತಾರ ಅಂದ್ಕೊಂಡೆ. ನಾ ಹುಟ್ಟಿದಾಗಿಂದ ಸೈಕಲ್ ಹತ್ತಿಲ್ರಿ. ಅದು ಹಂಗ ಗಕ್ಕನ ನಿಲ್ಲಂಗಿಲ್ಲ ಅನ್ನೋದು ನನಗೇನ ಗೊತ್ತು?"

ಒಳಗಿನಿಂದ ಅವಳ ಸೊಸೆ ಭಾಗ್ಯಜ್ಯೋತಿ ಬಂದು ಬಾಗಿಲಿಗೆ ಒರಗಿದಳು. ಏಳು ತಿಂಗಳ ಬಸುರಿ. ತುಟಿ ಒಣಗಿ ಸಿಪ್ಪೆ ಎದ್ದಿತ್ತು, ಕಣ್ಣು ಒಳಗೆ ಹೋಗಿದ್ದವು.

"ಇಕೀನ ನೋಡ್ರಿ," ಎಂದಳು ರುಕ್ಮವ್ವ. "ಕಾಲುವಿ ಆದಾಗಿಂದ ದಂಡಿಯ ಈ ಬಾಜು ಹೆಂಗಸರದು, ಆ ಬಾಜು ಗಂಡಸರದು. ಹೊತ್ತು ಹುಟ್ಟೂತನಾ ನಮ್ಮ ಗಂಡಸರು ಯಾರೂ ಈ ಕಡೆ ಕಾಲಿಡಂಗಿಲ್ಲ. ಸೈಕಲ್ಲಿನವರು ಬಂದು ಆ ರೂಢಿ ಮುರೀತ್ರಿ. ಈ ಹೊಟ್ಟಿ ಹೊತ್ಕೊಂಡು ಎಷ್ಟ ಸಲ ಏಳಬೇಕು, ಎಷ್ಟ ಸಲ ಕೂಡಬೇಕು? ರಾತ್ರಿ ಊಟ ಬಿಟ್ಲು. ಆಮ್ಯಾಲೆ ನೀರು ಕುಡಿಯೋದೂ ಬಿಟ್ಲು. ಕೂಸಿಗೆ ನೀರು ಕಡಿಮಿ ಆಗೈತಿ ಅಂತ ಡಾಕ್ಟರಮ್ಮ ಬೈದ್ಲು. ಯಾಕ ಅಂತ ಅಕೀಗೆ ಹೆಂಗ ಹೇಳೋದ್ರಿ?"

"ಸೈಕಲ್ಲಿನವರಿಗೆ ಹೇಳಬೇಕಾಗಿತ್ತು."

"ಏನಂತ ಹೇಳಲಿ?"

ರಾಜಶ್ರೀ ತಲೆ ತಗ್ಗಿಸಿದಳು.

"ಇನ್ನೊಂದು ಮಾತು, ಬಾಯಾರ. ಇದನ್ನ ಕಾಗದದಾಗ ಬರೀಬ್ಯಾಡ್ರಿ. ಕೋರ್ಟಿನ್ಯಾಗ ಗಂಡಸರ ಮುಂದ ಓದತಾರ. ಹತ್ತೊಂಬತ್ತ ಮನಿ ಹೆಣ್ಣಮಕ್ಕಳ ಮಾನ. ಹೊಟ್ಟಿಕಿಚ್ಚಿಗೆ ಮಾಡ್ಯಾಳ ಅಂತ ಬರಕೋರಿ. ನಾ ಹೆಬ್ಬಟ್ಟು ಒತ್ತತೇನಿ."

ಹೊತ್ತು ಮುಳುಗಲು ಹತ್ತು ನಿಮಿಷವೂ ಉಳಿದಿರಲಿಲ್ಲ. ಸೂರ್ಯಾಸ್ತದ ನಂತರ ಹೆಂಗಸನ್ನು ದಸ್ತಗಿರಿ ಮಾಡುವಂತಿಲ್ಲ. ನಾಳೆ ಬೆಳಕಾದ ಮೇಲೆ ಬರುತ್ತೇನೆ ಎಂದು ಹೇಳಿ ರಾಜಶ್ರೀ ಎದ್ದಳು. ದಾರಿಯಲ್ಲಿ ಆಸ್ಪತ್ರೆಗೆ ಹೋಗಿ ವಿದ್ಯಾವತಿಗೆ ನಡೆದದ್ದನ್ನು ಹೇಳಿದಳು.

"ನಾನೂ ನಮಸ್ಕಾರ ಅಂತಿದ್ದೆನ್ರಿ," ಎಂದು ವಿದ್ಯಾವತಿ ಅತ್ತಳು.

ಅಮಿತ ಅದೇ ರಾತ್ರಿ ಅಂತರ್ಜಾಲದಲ್ಲಿ ಹಾಕಿದ್ದ ವಿಡಿಯೊಗಳನ್ನೆಲ್ಲ ಅಳಿಸಿದ. ಆ ಭಾಗಕ್ಕೆ ಬೆಳಿಗ್ಗೆ ಏಳರ ಒಳಗೆ ಯಾರೂ ಕಾಲಿಡಬಾರದೆಂದು ತನ್ನ ಗುಂಪಿಗೂ ವಿಜಯಪುರದ ಗುಂಪುಗಳಿಗೂ ಫೋನು ಮಾಡಿದ. ಯಾಕೆ ಎಂದವರಿಗೆ ಕಾಲುವೆ ಕೆಲಸ ನಡೆದಿದೆ ಎಂದಷ್ಟೇ ಹೇಳಿದ. ರಾಜಶ್ರೀಯನ್ನು ಕೇಳಿಯೇ ಹೇಳಿದ ಸುಳ್ಳು ಅದು, ಅವಳು ಬೇಡವೆನ್ನಲಿಲ್ಲ.

ನವೆಂಬರ್ 18, ಮಂಗಳವಾರ. ನಸುಕಿನ 4.50ಕ್ಕೆ ಠಾಣೆಯ ಜೀಪು ದಂಡೆ ಹತ್ತಿ ಇಪ್ಪತ್ತೇಳನೇ ಕಲ್ಲಿನ ಈಚೆ ದಾರಿಗೆ ಅಡ್ಡ ನಿಂತಿತು. ತಾನೇ ಓಡಿಸಿಕೊಂಡು ಬಂದಿದ್ದ ರಾಜಶ್ರೀ ದೀಪ ಆರಿಸಿದಳು. ಬಂದೇನವಾಜನನ್ನು ಅರ್ಧ ಕಿಲೋಮೀಟರ್ ಹಿಂದೆಯೇ ಇಳಿಸಿ, ಬಂದವರನ್ನು ಅಲ್ಲಿಂದಲೇ ಹೊರಳಿಸಲು ಹೇಳಿದ್ದಳು. ಆಚೆ ತುದಿಗೆ ಅಮಿತನೇ ನಿಂತಿದ್ದ. ರಾಜಶ್ರೀ ವಸ್ತಿಗೆ ಬೆನ್ನು ಮಾಡಿ ನೀರಿನ ಕಡೆ ನೋಡುತ್ತ ನಿಂತಳು. ಹಿಂದೆ ಹೆಜ್ಜೆ ಸಪ್ಪಳ, ಬಳೆ ಸಪ್ಪಳ, ಮೆಲ್ಲನೆ ಮಾತು ಕೇಳಿ ಬಂದವು. ಒಬ್ಬಳು ನಕ್ಕದ್ದೂ ಕೇಳಿಸಿತು. ಒಂದು ಗಂಟೆಗೂ ಹೆಚ್ಚು ಹೊತ್ತು ಅವಳು ತಿರುಗಲಿಲ್ಲ.

6.42ಕ್ಕೆ, ಬಿಸಿಲು ಬಿದ್ದ ಮೇಲೆ, ರುಕ್ಮವ್ವನನ್ನು ಅವಳ ಮನೆಯ ಕಟ್ಟೆಯ ಮೇಲೆ ದಸ್ತಗಿರಿ ಮಾಡಿದರು. ಜಾಮೀನು ಸಿಗುವ ಕಲಂ, ಮಧ್ಯಾಹ್ನಕ್ಕೆ ಮನೆಗೆ ಬರಬಹುದು ಎಂದು ಅವಳ ಮಗನಿಗೆ ತಿಳಿಸಿದರು. ಹೇಳಿಕೆಯ ಕಾಗದದಲ್ಲಿ ಕಾರಣ ಬರೆಯುವಲ್ಲಿ ರಾಜಶ್ರೀಯ ಪೆನ್ನು ನಿಂತಿತು. ಹೊಟ್ಟೆಕಿಚ್ಚು ಎಂದು ಬರೆಯಲು ಅವಳ ಕೈ ಏಳಲಿಲ್ಲ. ಕೊನೆಗೆ ಬರೆದಳು: 'ಸದರಿ ಮಾರ್ಗದಲ್ಲಿ ನಸುಕಿನ ಸಂಚಾರದಿಂದ ಮನೆಯಲ್ಲಿನ ಗರ್ಭಿಣಿಯ ಆರೋಗ್ಯಕ್ಕೆ ತೊಂದರೆಯಾಗುತ್ತಿದ್ದರಿಂದ, ಯಾರಿಗೂ ಗಾಯ ಮಾಡುವ ಉದ್ದೇಶವಿಲ್ಲದೆ.' ಓದಿ ಹೇಳಿದಳು. ರುಕ್ಮವ್ವ ಎರಡು ಸಲ ಓದಿಸಿಕೊಂಡು ಹೆಬ್ಬಟ್ಟು ಒತ್ತಿದಳು.

ಜೀಪು ಹತ್ತುವ ಮುಂಚೆ ಅವಳು ಸೊಸೆಯ ಕಡೆ ತಿರುಗಿದಳು.

"ಇನ್ನ ಅವರು ಬರಂಗಿಲ್ಲವ್ವಾ. ನೀರು ಕುಡಿ."

ಭಾಗ್ಯಜ್ಯೋತಿ ಒಳಗೆ ಹೋಗಿ ಕೊಡದಿಂದ ತಂಬಿಗೆ ತುಂಬಿಕೊಂಡು ಬಂದಳು. ಅತ್ತೆಯ ಎದುರಿಗೇ ನಿಂತು, ಎತ್ತಿದ ತಂಬಿಗೆ ಇಳಿಸದೆ ಪೂರ್ತಿ ಕುಡಿದಳು. ಅವಳು ಕುಡಿದು ಮುಗಿಸುವವರೆಗೆ ರಾಜಶ್ರೀ ಜೀಪು ಚಾಲೂ ಮಾಡಿಸಲಿಲ್ಲ.