ಜೀಪಪ್ಪನ ಟ್ರೈಲರ್

ಜೀಪಪ್ಪನ ಮನೆ ಅಳಿಯ ನಮ್ಮ ಬಾಗಿಲು ಬಡಿದಾಗ ಅಕ್ಕ ಹಳೆಯ ಡೇರೆಗೆ ತೇಪೆ ಹಾಕುತ್ತಿದ್ದಳು. ಅವನ ಮುಖ ಬಾಡಿಹೋಗಿತ್ತು.

"ಮೇಡಂ, ನೀವು ತಗೋಬೇಕಂತಿದ್ದ ಟ್ರೈಲರ್ ಒಳಗೆಲ್ಲಾ ನೀರು ನುಗ್ಗಿದೆ. ಮಾರ್ಬಾರ್ದು ಅಂತ ನಾನೇ ಹಾಳು ಮಾಡ್ದೆ ಅಂತ ಡಾಕ್ಟರ್ ಭಾವ ಎಲ್ಲರ ಮುಂದೆ ಅಂದ್ಬಿಟ್ರು. ಹೆಂಡ್ತಿನೂ ಮಾತು ಬಿಟ್ಟಿದಾಳೆ. ಹೀಗೇ ಆದ್ರೆ ನಾನು ಆ ಮನೇಲಿ ಯಾವ ಮುಖ ಇಟ್ಕೊಂಡು ಇರ್ಲಿ?"

ಅಕ್ಕ ಸೂಜಿ ಕೆಳಗಿಟ್ಟಳು. ಆಗಲೇ ನನಗೆ ಗೊತ್ತಾಯಿತು, ಇನ್ನು ಮಧ್ಯಾಹ್ನದ ನಿದ್ದೆಗೆ ಕಲ್ಲು ಬಿತ್ತು ಎಂದು. ವಿಮಾ ಕಂಪನಿಯಲ್ಲಿದ್ದಷ್ಟು ವರ್ಷವೂ ನುಜ್ಜುಗುಜ್ಜಾದ ಗಾಡಿಗಳನ್ನು ನೋಡಿ ಏನಾಯಿತೆಂದು ಹೇಳುವುದೇ ಅವಳ ಕೆಲಸವಾಗಿತ್ತು. ನಿವೃತ್ತಳಾದ ಮೇಲೆ ಬಡಾವಣೆಯವರ ಕಗ್ಗಂಟುಗಳೆಲ್ಲ ನಮ್ಮ ಮನೆಗೇ ಬರುತ್ತವೆ. ನಾನು ಅವಳ ತಮ್ಮ. ಕಾರು ಓಡಿಸುವುದು, ಟಾರ್ಚು ಹಿಡಿಯುವುದು, ಬೈಸಿಕೊಳ್ಳುವುದು ನನ್ನ ಪಾಲಿನ ಕೆಲಸ.

ಆ ಟ್ರೈಲರ್ ಸಿಕ್ಕಿದ್ದೇನೂ ಸುಮ್ಮನೆ ಅಲ್ಲ. ಪ್ರಾಯದಲ್ಲಿ ನಾವಿಬ್ಬರೂ ಡೇರೆ ಹೊತ್ತು ಕಾಡುಮೇಡು ಅಲೆದವರು. ಸೊಂಟ ಪೂರ್ತಿ ಕೈಕೊಡುವ ಮೊದಲು ಇನ್ನೊಮ್ಮೆ ಹಾಗೆ ಅಲೆಯಬೇಕು, ಆದರೆ ನೆಲದ ಮೇಲೆ ಮಲಗಲಾಗದು. ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಮಲಗಬಹುದಾದ, ಕಲ್ಲುಮುಳ್ಳಿನ ದಾರಿಗೂ ಜಗ್ಗದ ಪುಟ್ಟ ಟ್ರೈಲರ್ ಒಂದನ್ನು ಕೊಳ್ಳೋಣ ಎಂದು ಹೊರಟಿದ್ದೆವು. ನೋಡಿದ್ದಕ್ಕೆ ಲೆಕ್ಕವಿಲ್ಲ. ಒಂದು ನಮ್ಮ ಕಾರಿಗೇ ಭಾರ. ಒಂದರ ನೆಲ ಒತ್ತಿದರೆ ಮೆತ್ತಗೆ ಕುಸಿಯುತ್ತಿತ್ತು. ಅಕ್ಕ ಪ್ರತಿಯೊಂದರ ಕೆಳಗೂ ಚಾಪೆ ಹಾಸಿ ನುಸುಳಿ ನೋಡಿ ತಲೆಯಾಡಿಸುವಳು, ನಾನು ಚಾಪೆ ಸುತ್ತಿಕೊಂಡು ಹಿಂದೆ ನಡೆಯುವೆ.

ಜೀಪಪ್ಪನ ಟ್ರೈಲರ್ ಹಾಗಿರಲಿಲ್ಲ. ಎತ್ತರದ ಚಕ್ರ, ಹಿಂದೆ ತೆರೆದುಕೊಳ್ಳುವ ಅಡುಗೆ ಕಟ್ಟೆ, ತಟ್ಟಿದರೆ ಗಟ್ಟಿಯಾಗಿ ಸದ್ದು ಕೊಡುವ ಒಣ ನೆಲ. ಒಳಗೆ ಸೀಮೆಎಣ್ಣೆ ಒಲೆಯ, ಹಳೆಯ ಹಾಸಿಗೆಯ ವಾಸನೆ. ಅಲ್ಲಿ ಕುಳಿತ ಕೂಡಲೇ ಅಕ್ಕನೂ ನಾನೂ ಹೊಗೆಗೆ ಕಣ್ಣುಜ್ಜಿಕೊಳ್ಳುತ್ತಾ ಬೆಂಕಿ ಊದುತ್ತಿದ್ದ ಬೆಳಗುಗಳು ನೆನಪಾದವು. ಕೊಂಡರೆ ಇದನ್ನೇ ಎಂದು ಹಟ ಹಿಡಿದವನು ನಾನು.

ಜೀಪಪ್ಪ ತೀರಿಹೋಗಿ ವರ್ಷವಾಗಿತ್ತು. ಅವನಂಥ ಡ್ರೈವರ್ ಇಲ್ಲವೆಂದು ಊರಿಗೂರೇ ಹೇಳುತ್ತಿತ್ತು. ಅವನ ಹೆಸರಿನಿಂದಲೇ ಹೆಂಡತಿ ಜೀಪಮ್ಮ ಆದಳು. ಅಪ್ಪನ ನಂತರ ಅದನ್ನು ಎಳೆಯುವವರಿಲ್ಲ ಎಂದು ಮಾರಲು ಹೊರಟವನು ಮಗ, ಹಲ್ಲಿನ ಡಾಕ್ಟರು. ಮಾರಬೇಡಿ ಎಂದು ಗೋಗರೆದವನು ಅಳಿಯನೊಬ್ಬನೇ. ಡಾಕ್ಟರು ನಮಗೆ ತೋರಿಸಲೆಂದು ಟ್ರೈಲರನ್ನು ಜೀಪಿಗೆ ಕಟ್ಟಿ ಅಂಗಳದ ಕೊನೆಯ ಇಕ್ಕಟ್ಟಿನ ಜಾಗದಿಂದ ಹೊರಗೆಳೆದದ್ದೇನೋ ಸರಿ, ರಿವರ್ಸಿನಲ್ಲಿ ಮತ್ತೆ ಒಳಗೆ ಹಾಕಲು ಆಗಲೇ ಇಲ್ಲ. ಗಿಡ್ಡ ಟ್ರೈಲರ್, ಸ್ಟೀರಿಂಗ್ ಕೊಂಚ ತಿರುಗಿಸಿದರೂ ಅಡ್ಡ ತಿರುಗಿ ನಿಲ್ಲುತ್ತಿತ್ತು. ಅಳಿಯ ಕೂತರೂ ಅದೇ ಪಾಡು. ಕಡೆಗೆ ಕೊಂಡಿ ಬಿಚ್ಚಿ ನಾವು ಗಂಡಸರೆಲ್ಲ ತಳ್ಳಿದೆವು. ಟ್ರೈಲರಿನ ಮೂತಿಯ ಕೆಳಗೆ, ಕೊಂಡಿ ಬಿಚ್ಚಿದಾಗ ಮಾತ್ರ ನೆಲ ಮುಟ್ಟುವ ಪುಟ್ಟ ಚಕ್ರ ಅಂಗಳದ ಮಣ್ಣಿನಲ್ಲಿ ಉದ್ದಕ್ಕೂ ಗೀರು ಹಾಕಿತ್ತು, ನನ್ನ ಸೊಂಟ ವಾರವಿಡೀ ನನ್ನ ಮಾತು ಕೇಳಿರಲಿಲ್ಲ.

ಅಳಿಯನ ಜೊತೆ ಹೋಗಿ ನೋಡಿದೆವು. ಟ್ರೈಲರ್ ಅದೇ ಜಾಗದಲ್ಲಿ ನೆಟ್ಟಗೆ ನಿಂತಿತ್ತು. ಬಾಗಿಲಿನಿಂದ ಹಿಂದಕ್ಕಿರುವ ಅರ್ಧ ನೆಲ ನೆನೆದು ಉಬ್ಬಿತ್ತು. ಮುಂದಿನ ಅರ್ಧ, ಮೇಲ್ಛಾವಣಿ, ಗೋಡೆಯ ಮೇಲ್ಭಾಗ ಎಲ್ಲ ಒಣಗಿದ್ದವು. ಹಿಂದಿನ ದೀಪದ ಸಂದಿಯಲ್ಲಿ ಸಣ್ಣ ಮರಳು. ಅಂಗಳದ ಹಳೆಯ ಗೀರಿನ ಮೇಲೆ ಟೈರಿನ ಹೊಸ ಗುರುತು ಹಾದಿತ್ತು, ಹೊಸ ಗೀರು ಇರಲಿಲ್ಲ. ಘಟನೆಯ ದಿನ ಡಾಕ್ಟರು ಕ್ಲಿನಿಕ್ಕಿನಲ್ಲಿ, ಮಗಳು, ಅಂದರೆ ಅಳಿಯನ ಹೆಂಡತಿ, ಕೆಲಸದಲ್ಲಿ. ಅಳಿಯ ಜ್ವರದ ಮಾತ್ರೆ ನುಂಗಿ ಮಹಡಿಯಲ್ಲಿ ಮಲಗಿದ್ದನಂತೆ. ಜೀಪಮ್ಮ ತಲೆನೋವೆಂದು ಕೋಣೆ ಸೇರಿದ್ದಳು. ಜೀಪಿನ ಕೀಲಿ ಅಡುಗೆಮನೆಯ ಮೊಳೆಯಲ್ಲೇ ತೂಗುತ್ತಿತ್ತು.

ಹಜಾರದಲ್ಲಿ ಅಕ್ಕ ಒಂದು ಹಳೆಯ ಫೋಟೋದ ಮುಂದೆ ನಿಂತೇ ಬಿಟ್ಟಳು. ನದಿ ದಂಡೆ. ಕೆಂಪು ಬ್ರೇಕ್ ದೀಪ ಹೊತ್ತಿದ ಟ್ರೈಲರಿನ ಹಿಂದೆ ಜೀಪಪ್ಪ ಕೈ ಎತ್ತಿ ನಿಂತಿದ್ದಾನೆ, ಪುಟ್ಟ ಮಗಳು ನೀರಿನಲ್ಲಿ ಆಡುತ್ತಿದ್ದಾಳೆ. "ನಾನೇ ತೆಗೆದದ್ದು, ಅಪ್ಪ ಟಾಟಾ ಮಾಡ್ತಿದ್ರು," ಎಂದರು ಡಾಕ್ಟರು.

ಸಂಜೆ ಅಕ್ಕ ಎಲ್ಲರನ್ನೂ ಹಜಾರದಲ್ಲಿ ಕೂರಿಸಿದಳು. ಜೀಪಮ್ಮ ಮೂಲೆಯ ಕುರ್ಚಿಯಲ್ಲಿದ್ದಳು.

ಸೋರಿದ್ದರೆ ಮೇಲಿನಿಂದ ಒದ್ದೆಯಾಗಬೇಕಿತ್ತು, ಬಕೆಟ್ಟಿನಲ್ಲಿ ಸುರಿದಿದ್ದರೆ ಮರಳು ಬರುತ್ತಿರಲಿಲ್ಲ ಎಂದು ಅಕ್ಕ ಶುರುಮಾಡಿದಳು. ಹಿಂಭಾಗ ಮಾತ್ರ ನೆನೆದಿದೆಯೆಂದರೆ ಟ್ರೈಲರ್ ಹಿಮ್ಮುಖವಾಗಿ ನದಿಗೆ ಇಳಿದಿದೆ. ಅಲ್ಲಿಂದ ವಾಪಸು ತಂದವರು ಅದನ್ನು ಕೈಯಲ್ಲಿ ತಳ್ಳಿಲ್ಲ, ಜೀಪಿನಲ್ಲೇ ಒಂದೇ ಏಟಿಗೆ ರಿವರ್ಸ್ ಹಾಕಿದ್ದಾರೆ. ಇಲ್ಲದಿದ್ದರೆ ಹೊಸ ಗೀರು ಬೀಳುತ್ತಿತ್ತು. ಅಳಿಯನ ರಿವರ್ಸ್ ಎಂಥದೆಂದು ಇಲ್ಲಿ ಎಲ್ಲರೂ ಕಣ್ಣಾರೆ ನೋಡಿದ್ದೇವೆ.

"ಹಾಗೆ ಹಾಕೋಕೆ ಬರ್ತಿದ್ದಿದ್ದು ಅಪ್ಪನಿಗೆ ಮಾತ್ರ," ಎಂದರು ಡಾಕ್ಟರು.

"ಆ ಫೋಟೋ ನೋಡಿ. ಅಪ್ಪ ಹೊರಗಿದಾರೆ. ತಂಗಿ ನೀರಲ್ಲಿ. ಕ್ಯಾಮೆರಾ ನಿಮ್ಮ ಕೈಲಿ. ಬ್ರೇಕ್ ದೀಪ ಉರೀತಾ ಇದೆ. ಹಾಗಾದ್ರೆ ಬ್ರೇಕ್ ಮೇಲೆ ಕಾಲಿಟ್ಟಿದ್ದು ಯಾರು?"

ಎಲ್ಲರ ಕಣ್ಣೂ ಮೂಲೆಯ ಕುರ್ಚಿಗೆ ಹೋಯಿತು.

"ನಾನೇ," ಎಂದಳು ಜೀಪಮ್ಮ. "ಟ್ರೈಲರ್ ಮಾರಿ ಹೋಗೋಕೆ ಮುಂಚೆ ಒಂದ್ಸಲ ನಮ್ಮ ಜಾಗಕ್ಕೆ ಕರ್ಕೊಂಡ್ ಹೋಗೋಣ ಅನ್ನಿಸ್ತು. ನಿಮ್ಮಪ್ಪ ಒಳ್ಳೆ ಡ್ರೈವರ್ರೇ ಕಣೋ. ಮುಂದಕ್ಕೆ. ಹಿಂದಕ್ಕೆ ಅವರ ಕೈಲಿ ಆಗ್ತಿರ್ಲಿಲ್ಲ. ನಿಮ್ಮನ್ನೆಲ್ಲಾ ಆಟಕ್ಕೆ ಕಳಿಸಿ ನಾವು ಸೀಟು ಬದಲಾಯಿಸ್ಕೋತಿದ್ವಿ. ಬಾಯಿ ಬಿಟ್ರೆ ಅವರ ಹೆಸರು ಹೋಗುತ್ತೆ ಅಂತ ಸುಮ್ಮನಿದ್ದೆ. ನಿನ್ನ ಹೆಸರು ಹೋಗ್ತಿರೋದು ನೋಡಿಯೂ ಸುಮ್ಮನಿದ್ದೆನಲ್ಲಪ್ಪಾ ಅಳಿಯಾ, ಅದು ನನ್ನ ತಪ್ಪು."

ಅಳಿಯ ಎದ್ದು ಹೋಗಿ ಅವಳ ಪಕ್ಕ ಕುಳಿತ. ಡಾಕ್ಟರು ಅವನ ಎರಡೂ ಕೈ ಹಿಡಿದುಕೊಂಡು ತಲೆ ತಗ್ಗಿಸಿದರು. ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಒಂದು ಮಾತ್ರ ತನಗೂ ಬಗೆಹರಿದಿಲ್ಲ ಎಂದಳು ಅಕ್ಕ. ಅದನ್ನು ಅವಳು ಒಪ್ಪಿಕೊಂಡದ್ದೇ ನನಗೆ ಆಶ್ಚರ್ಯ. "ಅಷ್ಟು ಚೆನ್ನಾಗಿ ರಿವರ್ಸ್ ತಗೊಳ್ಳೋರು, ನೀರಿನ ತನಕ ಹೇಗೆ ಬಿಟ್ರಿ?"

ಜೀಪಮ್ಮ ಸೆರಗಿನ ಅಂಚನ್ನು ತೀಡಿದಳು.

"ಮನೇಲಾದ್ರೆ ಗೋಡೆ ನೋಡ್ಕೊಂಡು ಹಾಕ್ತಿದ್ದೆ. ನದಿ ಹತ್ರ ಅವರು ಹಿಂದೆ ನಿಂತು ಬರ್ಲಿ ಬರ್ಲಿ ಅನ್ನೋರು. ನಿಲ್ಸು ಅಂದ ಕೂಡ್ಲೇ ನಿಲ್ಲಿಸ್ತಿದ್ದೆ. ಅಲ್ಲಿ ನಾನು ಯಾವತ್ತೂ ಕನ್ನಡಿ ನೋಡ್ದೋಳೇ ಅಲ್ಲ," ಎಂದಳು. "ಅವತ್ತೂ ಅದೇ ಅಭ್ಯಾಸ. ಅವರು ನಿಲ್ಸು ಅಂತಾರೆ ಅಂತ ಕಾಯ್ತಾ ಇದ್ದೆ."

ಅಕ್ಕ ನನ್ನ ಕಡೆ ನೋಡಿದಳು. ಟ್ರೈಲರ್ ನಮಗೆ ಬೇಡ, ಅದು ಜೀಪಮ್ಮನ ಹತ್ತಿರವೇ ಇರಲಿ ಎಂದು ನಾನೇ ಹೇಳಿದೆ.