ಬೆನ್ನ ಹಿಂದಿನ ಗಂಟು

ಹದಿನಾಲ್ಕನೇ ತಾರೀಖು, ಗುರುವಾರ, ಬೆಳಿಗ್ಗೆ 9.52ಕ್ಕೆ ಠಾಣೆಗೆ ಫೋನ್ ಬಂತು. ಮಾತಾಡಿದವನು ಊರಾಚೆಯ ಮನರಂಜನಾ ಪಾರ್ಕಿನ ರೆಸಾರ್ಟ್ ಮ್ಯಾನೇಜರ್. ಕೊಳದಲ್ಲಿ ದೋಣಿಯಿಂದ ಬಿದ್ದು ಅತಿಥಿಯೊಬ್ಬರು ತೀರಿಕೊಂಡಿದ್ದಾರೆ, ಹೆಂಡತಿ ಜೊತೆಗೇ ಇದ್ದರು, ಬೇಗ ಬನ್ನಿ, ಆದರೆ ದಯವಿಟ್ಟು ಹಿಂದಿನ ಗೇಟಿನಿಂದ ಬನ್ನಿ ಎಂದ. ಫೋನ್ ತೆಗೆದುಕೊಂಡ ದಫೇದಾರ ಎಲ್ಲವನ್ನೂ ಠಾಣಾ ಡೈರಿಯಲ್ಲಿ ಬರೆದ. ಹಿಂದಿನ ಗೇಟು ಎಂಬುದನ್ನೂ ಬರೆದ.

10.25ಕ್ಕೆ ಇನ್ಸ್‌ಪೆಕ್ಟರ್, ದಫೇದಾರ ಮತ್ತು ಮಹಿಳಾ ಕಾನ್ಸ್‌ಟೇಬಲ್ ಮುಂದಿನ ಗೇಟಿನಿಂದಲೇ ಒಳಗೆ ಹೋದರು. ಕಾನ್ಸ್‌ಟೇಬಲ್ ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕೇಳಿದ್ದಕ್ಕಷ್ಟೇ ಉತ್ತರ ಕೊಡುವ ಹುಡುಗಿ. ಅವಳ ಬಾಯಿಂದ ಮಾತು ತೆಗೆಯಲು ವಾರಂಟ್ ಬೇಕು ಎಂದು ದಫೇದಾರ ಠಾಣೆಯಲ್ಲಿ ಹೇಳಿಕೊಂಡು ತಿರುಗುತ್ತಿದ್ದ.

ಹೆಣವನ್ನು ಕೊಳದ ಕಟ್ಟೆಯ ಮೇಲೆ ಮಲಗಿಸಿ, ಬಾತುಕೋಳಿ ಚಿತ್ರದ ಟವೆಲ್ ಹೊದಿಸಿದ್ದರು. ಟವೆಲ್ ಮೊಣಕಾಲಿನವರೆಗೆ ಮಾತ್ರ ಬರುತ್ತಿತ್ತು. ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಕುಣಿಯುವ ಸಂಗೀತ.

"ಮೊದಲು ಆ ಹಾಡು ನಿಲ್ಲಿಸಿ," ಎಂದ ಇನ್ಸ್‌ಪೆಕ್ಟರ್.

"ಇಡೀ ಪಾರ್ಕಿಗೆ ಒಂದೇ ಸ್ವಿಚ್ ಸರ್," ಎಂದ ಮ್ಯಾನೇಜರ್. "ಉಳಿದ ಗೆಸ್ಟ್‌ಗಳು ಏನಾಯ್ತು ಅಂತ ಕೇಳ್ತಾರೆ."

ಹಾಡು ನಿಲ್ಲಲಿಲ್ಲ.

ಸತ್ತವನಿಗೆ ನಲವತ್ನಾಲ್ಕು ವರ್ಷ. ಬಸ್ ಡಿಪೋವೊಂದರಲ್ಲಿ ಉಗ್ರಾಣದ ಮೇಲ್ವಿಚಾರಕ. ವರ್ಷದ ಉತ್ತಮ ನೌಕರ ಎಂದು ಇಬ್ಬರಿಗೆ ಮೂರು ರಾತ್ರಿಯ ಈ ಪ್ರವಾಸ ಬಹುಮಾನವಾಗಿ ಬಂದಿತ್ತು. ಸೋಮವಾರ ಮಧ್ಯಾಹ್ನ ಬಂದವರು ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ರೂಮು ಬಿಡಬೇಕಿತ್ತು. ಹೆಂಡತಿಗೆ ಮೂವತ್ತೆಂಟು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಅವಳು ಕುರ್ಚಿಯೊಂದರಲ್ಲಿ ಕೈಕಟ್ಟಿ ಕೂತಿದ್ದಳು. ಅಳುತ್ತಿರಲಿಲ್ಲ. ಆಘಾತಕ್ಕೆ ಹಾಗಾಗುತ್ತದೆ ಎಂದು ರೆಸಾರ್ಟಿನ ನರ್ಸ್ ಹೇಳಿದಳು.

ದೂರನ್ನು ಮ್ಯಾನೇಜರ್ ಆಗಲೇ ಟೈಪ್ ಮಾಡಿಸಿದ್ದ. ದೋಣಿ ಹತ್ತುವವರಿಗೆ ಲೈಫ್ ಜಾಕೆಟ್ ಹಾಕುವ ಸಿಬ್ಬಂದಿ ಅದನ್ನು ಸಡಿಲವಾಗಿ ಹಾಕಿದ್ದರಿಂದ, ದೋಣಿ ಅಲುಗಿ ಗಂಡ ನೀರಿಗೆ ಬಿದ್ದಾಗ ಜಾಕೆಟ್ ಮೈಯಿಂದ ಕಳಚಿ ಮುಳುಗಿದರು ಎಂದಿತ್ತು. ಹೆಂಡತಿ ಅದನ್ನು ಓದದೆ ಸಹಿ ಹಾಕಿದಳು. 11.05ಕ್ಕೆ ನಿರ್ಲಕ್ಷ್ಯದಿಂದಾದ ಸಾವು ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಯ ಕಾಲಂನಲ್ಲಿ ಜಾಕೆಟ್ ಹಾಕುವ ಹೆಂಗಸು, ವಯಸ್ಸು ಐವತ್ತೊಂದು.

11.30ಕ್ಕೆ ಸ್ಥಳ ಪಂಚನಾಮೆ ಶುರುವಾಯಿತು. ಪಂಚರು ಇಬ್ಬರು: ಒಬ್ಬ ತೋಟದ ಮಾಲಿ, ಒಬ್ಬ ಜ್ಯೂಸ್ ಅಂಗಡಿಯವನು. ಕೊಳದ ನಡುವೆ ಸಿಮೆಂಟಿನ ಬೆಟ್ಟ, ಅದರ ಹಿಂದೆ ಎಂಟು ಅಡಿ ಆಳ. ಕಾವಲುಗಾರ ಈ ದಡದಲ್ಲಿದ್ದ. ಕೂಗು ಕೇಳಿ ಈಜಿಕೊಂಡು ಹೋಗುವಷ್ಟರಲ್ಲಿ ನಾಲ್ಕು ನಿಮಿಷವಾಗಿತ್ತು. ಏಳನೇ ನಂಬರಿನ ಹಂಸದ ದೋಣಿ, ಇಬ್ಬರು ಪೆಡಲ್ ತುಳಿಯುವಂಥದ್ದು. ಮೂವತ್ತೊಂದನೇ ನಂಬರಿನ ಜಾಕೆಟ್, ಕಿತ್ತಳೆ ಬಣ್ಣ. ಮುಂದಿನ ಎರಡೂ ಕ್ಲಿಪ್ಪು ಬಿಚ್ಚಿದ್ದವು. ಬೆನ್ನ ಕಡೆ ಒಂದು ಜೊತೆ ಬಿಳಿ ಲಾಡಿ ಜೋತಾಡುತ್ತಿತ್ತು. ಹರಿದಿರಲಿಲ್ಲ.

ಜಾಕೆಟ್ ಹಾಕುವ ಹೆಂಗಸನ್ನು ಪಾರ್ಕಿನಲ್ಲಿ ಎಲ್ಲರೂ ಗಂಟಕ್ಕ ಎನ್ನುತ್ತಿದ್ದರು. ಅವಳು ಕೈಮುಗಿದುಕೊಂಡೇ ಬಂದಳು.

"ಈ ಜಾಕೆಟ್ ಹಾಕಿದ್ದು ನೀವೇನಾ?"

"ನಾನೇ ಸಾರ್."

"ಸಡಿಲ ಇತ್ತಂತೆ."

"ಹನ್ನೊಂದು ವರ್ಷ ಆಯ್ತು ಸಾರ್. ಮುಂದಿನ ಕ್ಲಿಪ್ಪನ್ನ ಜನ ಫೋಟೋಗೆ ಅಂತ ಬಿಚ್ಕೋತಾರೆ, ಹೊಸ ಶರ್ಟು ಕಾಣ್ಬೇಕಲ್ಲ. ಅದಕ್ಕೇ ನಾನು ಲಾಡೀನ ಸೊಂಟ ಸುತ್ತಿಸಿ ಹಿಂದೆ ಎರಡು ಗಂಟು ಬಿಗೀತೀನಿ. ಕ್ಲಿಪ್ಪು ಬಿಚ್ಚಿದ್ರೂ ಜಾಕೆಟ್ಟು ಮೈ ಬಿಟ್ಟು ಹೋಗಲ್ಲ. ಬೈತಾರೆ. ಬೈಸ್ಕೋತೀನಿ."

"ರೂಲ್ ಬುಕ್ಕಲ್ಲಿ ಗಂಟು ಇಲ್ಲ ಸರ್," ಎಂದ ಮ್ಯಾನೇಜರ್. "ಇದೆಲ್ಲ ಇವಳ ಸ್ವಂತ ಬುದ್ಧಿ."

"ಇವತ್ತು ಇವರಿಗೆ ಗಂಟು ಹಾಕಿದ್ರಾ?"

"ಹಾಕ್ದೆ ಯಾರನ್ನೂ ನೀರಿಗೆ ಬಿಟ್ಟಿಲ್ಲ ಸಾರ್." ಮುಗಿದ ಕೈ ಬಿಡದೆ ಕೇಳಿದಳು, "ಮನೇಲಿ ಸೊಸೆಗೆ ದಿನ ತುಂಬಿದೆ. ಇವತ್ತೇ ಒಳಗೆ ಹಾಕ್ತೀರಾ?"

ಇನ್ಸ್‌ಪೆಕ್ಟರ್ ಲಾಡಿಯನ್ನು ಎತ್ತಿ ನೋಡಿದ. ಒದ್ದೆ ಬಟ್ಟೆಯ ಮೇಲೆ, ತುದಿಯಿಂದ ಗೇಣುದ್ದ ಬಿಟ್ಟು, ಹತ್ತಿರ ಹತ್ತಿರ ಎರಡು ಕಡೆ ಸುಕ್ಕು ಕೂತಿತ್ತು. ಗಂಟು ಇದ್ದದ್ದು ನಿಜ.

ದಫೇದಾರನಿಗೆ ಇನ್ನೊಂದು ಜಾಕೆಟ್ ತೊಡಿಸಲಾಯಿತು. ಹೊಟ್ಟೆಯಿಂದಾಗಿ ಮುಂದಿನ ಕ್ಲಿಪ್ಪು ಹಾಕುವುದೇ ಕಷ್ಟವಾಯಿತು. ಗಂಟಕ್ಕ ಹಿಂದೆ ಗಂಟು ಬಿಗಿದಳು. ದಫೇದಾರ ಎರಡು ಕೈಯನ್ನೂ ಬೆನ್ನಿಗೆ ತಿರುಗಿಸಿ ಆರು ನಿಮಿಷ ಒದ್ದಾಡಿದ. ಪಂಚರು ಮುಖ ಬೇರೆ ಕಡೆ ಮಾಡಿಕೊಂಡು ನಕ್ಕರು.

"ಇದು ಗಂಟಲ್ಲ ಸಾರ್, ಬ್ರಹ್ಮಗಂಟು. ನನ್ನ ಕೈಗೆ ಸಿಕ್ಕೋದೇ ಇಲ್ಲ."

"ನೀನು ಬಿಚ್ಚಮ್ಮ," ಎಂದ ಇನ್ಸ್‌ಪೆಕ್ಟರ್ ಕಾನ್ಸ್‌ಟೇಬಲ್‌ಗೆ.

ಹಿಂದೆ ನಿಂತು ಹೆಬ್ಬೆರಳ ಉಗುರು ತೂರಿಸಿ ತೂರಿಸಿ ಅವಳು ಬಿಚ್ಚಿದಳು. ಎರಡು ನಿಮಿಷ ಹತ್ತು ಸೆಕೆಂಡು. ಆಮೇಲೆ ತನ್ನ ಉಗುರನ್ನೇ ನೋಡುತ್ತ ನಿಂತಳು.

"ಏನು?"

"ಸರ್, ಸತ್ತವರ ಹೆಂಡತಿ ಬಲಗೈ ಹೆಬ್ಬೆರಳ ಉಗುರು ಮುರಿದಿದೆ. ಬೇರೆ ಎಲ್ಲಾ ಉಗುರು ಗಿಡ್ಡವಾಗಿ ಕತ್ತರಿಸಿದ್ದಾರೆ. ಅದೊಂದನ್ನ ಬೆಳೆಸಿದ್ದರು. ಹೊಲಿಗೆ ಬಿಚ್ಚೋರು ಹಾಗೆ ಇಟ್ಕೋತಾರೆ."

"ಯಾವಾಗ ನೋಡಿದೆ?"

"ಸಹಿ ಹಾಕುವಾಗ."

ದಫೇದಾರ ಜಾಕೆಟ್ ಕಳಚುತ್ತ ಅವಳ ಕಡೆ ನೋಡಿದ. ವಾರಂಟಿನ ಮಾತು ಆಡಲಿಲ್ಲ.

ಕೊಳದ ಸೇತುವೆಯ ಮೇಲೆ ನಿಂತು ಬಂದವರಿಗೆ ಕೈ ಬೀಸುವುದು ಕರಡಿ ವೇಷದವನ ಕೆಲಸ. ಅಲ್ಲಿಂದ ಸಿಮೆಂಟಿನ ಬೆಟ್ಟದ ಒಂದು ಪಕ್ಕ ಕಾಣುತ್ತಿತ್ತು. ಮಧ್ಯಾಹ್ನ 12.15ಕ್ಕೆ ಅವನ ಹೇಳಿಕೆ ಪಡೆದರು.

"ತಲೆ ತೆಗೀರಿ," ಎಂದ ದಫೇದಾರ.

"ಡ್ಯೂಟೀಲಿ ತೆಗೆಯೋ ಹಾಗಿಲ್ಲ ಸಾರ್, ಮಕ್ಕಳು ಹೆದರ್ತಾರೆ."

"ಕರಡಿ ಹೇಳಿಕೆ ಅಂತ ಕೋರ್ಟಿಗೆ ಕೊಡ್ಲಾ? ತೆಗೀರಿ."

ತಲೆಯೊಳಗಿಂದ ಬೆವರಿನಲ್ಲಿ ತೊಯ್ದ, ಐವತ್ತು ದಾಟಿದ ಮುಖ ಹೊರಬಂತು. ಏಳನೇ ನಂಬರಿನ ದೋಣಿ ಬೆಟ್ಟದ ಕಡೆ ತಿರುಗುವುದನ್ನು ಅವನು ನೋಡಿದ್ದ. ಕರಡಿಗೆ ಬಾಯಲ್ಲಿ ಮಾತ್ರ ಕಿಂಡಿ, ಆದರೂ ನೋಡಿದ್ದ.

"ಗಂಡ ಪೆಡಲ್ ತುಳೀತಿದ್ರು. ಆಯಮ್ಮ ಅವರ ಬೆನ್ನ ಹಿಂದೆ ಕೈ ಹಾಕ್ಕೊಂಡು ಕೂತಿದ್ರು. ಬೆನ್ನು ಸವರ್ತಿದ್ದಾರೆ ಅಂದ್ಕೊಂಡೆ. ಈ ವಯಸ್ಸಲ್ಲೂ ಎಷ್ಟು ಚೆನ್ನಾಗಿದ್ದಾರೆ ಅನ್ನಿಸ್ತು."

ಸಂಗೀತದ ನಡುವೆ ಎತ್ತರದ ತೊಟ್ಟಿಲು ಕೆಳಗಿಳಿಯಿತು, ಕೂತವರೆಲ್ಲ ಒಟ್ಟಿಗೆ ಕಿರುಚಿದರು. ಐದು ನಿಮಿಷಕ್ಕೊಮ್ಮೆ ಹೀಗೆ ಕಿರುಚಾಟ ಕೇಳುತ್ತಿತ್ತು. ಬೆಳಿಗ್ಗೆ ಹೆಂಡತಿ ಕೂಗಿದಾಗಲೂ ಇದೇ ಕಿರುಚಾಟ ಅಂದುಕೊಂಡು ಮೊದಲಿಗೆ ಯಾರೂ ತಿರುಗಿ ನೋಡಿರಲಿಲ್ಲ.

12.40ಕ್ಕೆ ರೂಮಿನ ತಪಾಸಣೆ. ಗಂಡನ ಬ್ಯಾಗು ತುಂಬಿ, ಜಿಪ್ ಎಳೆದು ಬಾಗಿಲ ಹತ್ತಿರ ಇಟ್ಟಿತ್ತು. ಹೆಂಡತಿಯ ಬ್ಯಾಗು ಖಾಲಿ. ಅವಳ ಬಟ್ಟೆಗಳು ಕಪಾಟಿನಲ್ಲಿ ಹ್ಯಾಂಗರಿಗೆ ನೇತಾಡುತ್ತಿದ್ದವು. ಹಲ್ಲುಜ್ಜುವ ಬ್ರಷ್ ಇನ್ನೂ ಲೋಟದಲ್ಲಿತ್ತು. ರೂಮು ಬಿಡುವವರ ಲಕ್ಷಣ ಒಂದೂ ಇರಲಿಲ್ಲ.

ಪಕ್ಕದ ರೂಮಿನಲ್ಲಿ ಯಾರೋ ಸೀನಿದರು.

"ನೂರು ವರ್ಷ," ಎಂದ ದಫೇದಾರ ಅಭ್ಯಾಸಬಲದಿಂದ.

"ಥ್ಯಾಂಕ್ಸ್," ಎಂದಿತು ಗೋಡೆ.

ಸ್ವಾಗತದ ಕೌಂಟರಿನ ಹುಡುಗಿಗೆ ಅವರಿಬ್ಬರ ನೆನಪು ಚೆನ್ನಾಗಿತ್ತು. ನಿನ್ನೆ ಸಂಜೆ ಏಳಕ್ಕೆ ಹತ್ತು ನಿಮಿಷವಿದ್ದಾಗ ಹೆಂಡತಿ ಒಬ್ಬಳೇ ಕೌಂಟರಿಗೆ ಬಂದಿದ್ದಳು.

"ಇನ್ನೊಂದು ದಿನ ಇರ್ಬೋದಾ ಅಂತ ಕೇಳಿದ್ರು ಸರ್. ರೂಮು ಬೇರೆಯವರಿಗೆ ಬುಕ್ ಆಗಿದೆ ಅಂದೆ. ಬೇರೆ ಯಾವುದಾದ್ರೂ ಸಣ್ಣದು ಇದ್ರೂ ಸಾಕು ಅಂದ್ರು. ನೋಡಿ ಹೇಳ್ತೀನಿ ಅಂದೆ."

"ಹೇಳಿದ್ರಾ?"

"ಹೇಳಿದೆ ಸರ್. ಏಳೂವರೆಗೆ ರೂಮಿಗೆ ಫೋನ್ ಮಾಡಿದೆ. ಯಜಮಾನ್ರು ತಗೊಂಡ್ರು. ಮೇಡಂ ಇನ್ನೊಂದು ದಿನ ಕೇಳಿದ್ರು, ಯಾವ ರೂಮೂ ಇಲ್ಲ, ಸಾರಿ ಅಂದೆ. ಪಾಪ, ತುಂಬಾ ಒಳ್ಳೆಯವರು. ನಗ್ತಾ ಮಾತಾಡಿದ್ರು. ಹೌದಾ, ಹಾಗೆ ಕೇಳಿದ್ಲಾ ಅಂದ್ರು."

ಕಾನ್ಸ್‌ಟೇಬಲ್ ಬರೆಯುವುದನ್ನು ನಿಲ್ಲಿಸಿ ಆ ಹುಡುಗಿಯ ಮುಖ ನೋಡಿದಳು. ಮತ್ತೆ ತಲೆತಗ್ಗಿಸಿ ಬರೆದಳು.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಡಿಪೋಗೆ ಫೋನ್ ಮಾಡಿದ. ಆ ಕಡೆಯಿಂದ ಡಿಪೋ ಮ್ಯಾನೇಜರ್ ಬಿಕ್ಕಿಬಿಕ್ಕಿ ಅತ್ತ. ದೇವರಂಥ ಮನುಷ್ಯ, ಯಾರ ಕಷ್ಟಕ್ಕೂ ಮೊದಲು ಓಡಿ ಬರೋರು, ಒಂದು ದಿನವೂ ದನಿ ಎತ್ತಿದವರಲ್ಲ ಎಂದ.

"ಮನೆಗೆ ಮಾರಿ, ಊರಿಗೆ ಉಪಕಾರಿ," ಎಂದಳು ಕಾನ್ಸ್‌ಟೇಬಲ್ ಹಿಂದಿನ ಸೀಟಿನಿಂದ. ಯಾರೂ ಅವಳನ್ನು ಕೇಳಿರಲಿಲ್ಲ.

ಮಧ್ಯಾಹ್ನ 2.30ಕ್ಕೆ ಸರ್ಕಾರಿ ಆಸ್ಪತ್ರೆಯಲ್ಲಿ ವೈದ್ಯೆಯೊಬ್ಬರು ಹೆಂಡತಿಯ ಒಪ್ಪಿಗೆ ಪಡೆದು ತಪಾಸಣೆ ಮಾಡಿದರು. ವರದಿ ಒಂದೇ ಪುಟ. ತೋಳು, ಬೆನ್ನು, ತೊಡೆಯ ಮೇಲೆ ಮೂಗೇಟುಗಳು, ಒಂದೊಂದು ಒಂದೊಂದು ಕಾಲದ್ದು. ಎಡ ಮುಂಗೈಯ ಮೂಳೆ ಹಿಂದೆ ಎರಡು ಸಲ ಮುರಿದು ಕೂಡಿಕೊಂಡಿದೆ. ನಾಲ್ಕು ದಿನಗಳಿಂದೀಚಿನ ಗಾಯ ಯಾವುದೂ ಇಲ್ಲ, ಬಲಗೈ ಹೆಬ್ಬೆರಳ ಉಗುರು ಮುರಿದಿರುವುದೊಂದನ್ನು ಬಿಟ್ಟರೆ. ಉಗುರಿನ ಸಂದಿಯಲ್ಲಿ ಬಿಳಿ ಹತ್ತಿಯ ಎಳೆ ಸಿಕ್ಕಿತು. ಅದನ್ನು ಕವರಿನಲ್ಲಿ ಹಾಕಿ, ಅರಗು ಒತ್ತಿ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಇನ್ಸ್‌ಪೆಕ್ಟರ್ ಆ ವರದಿಯನ್ನು ಎರಡು ಸಲ ಓದಿದ. ಇಪ್ಪತ್ತು ವರ್ಷದ ನೌಕರಿಯಲ್ಲಿ ಗಾಯ ಇರುವ ಸಾಕ್ಷ್ಯ ಬೇಕಾದಷ್ಟು ನೋಡಿದ್ದ. ಗಾಯ ಇಲ್ಲದ ನಾಲ್ಕು ದಿನ ಸಾಕ್ಷ್ಯವಾಗಿದ್ದನ್ನು ನೋಡಿರಲಿಲ್ಲ.

ಠಾಣೆಯಲ್ಲಿ ಇದ್ದದ್ದು ಒಂದೇ ಬೆಂಚು. 4.15ಕ್ಕೆ ಹೇಳಿಕೆ ಕೊಡಲು ಬಂದ ಗಂಟಕ್ಕ ಒಂದು ತುದಿಯಲ್ಲಿ ಕೂತಳು. ಇನ್ನೊಂದು ತುದಿಯಲ್ಲಿ ಹೆಂಡತಿ ಕೂತಿದ್ದಳು. ಕಾನ್ಸ್‌ಟೇಬಲ್ ಇಬ್ಬರಿಗೂ ನೀರು ಕೊಟ್ಟು ಬಾಗಿಲ ಹತ್ತಿರ ನಿಂತಳು.

ಗಂಟಕ್ಕ ನೀರು ಕುಡಿದು, ನೆಲ ನೋಡುತ್ತಲೇ ಕೇಳಿದಳು.

"ತಂಗೀ, ನಿಮ್ಮ ದುಃಖದಲ್ಲಿ ಕೇಳ್ಬಾರ್ದು. ಬೆಳಿಗ್ಗೆಯಿಂದ ಅದೇ ಯೋಚನೆ ಮಾಡ್ತಿದ್ದೀನಿ. ನಿನ್ನೆ ಫೋನ್ ಬಂದಿತ್ತು, ಸೊಸೆಗೆ ನೋವು ಶುರುವಾಗ್ಬೋದು ಅಂತ. ಇವತ್ತು ನನ್ನ ಮನಸ್ಸು ಎಲ್ಲೋ ಇತ್ತೇನೋ. ನನ್ನ ಕೈ ಸಡಿಲ ಆಗಿತ್ತಾ?"

ಹೆಂಡತಿ ಲೋಟ ಕೆಳಗಿಟ್ಟಳು.

"ಇಲ್ಲ ಅಕ್ಕಾ."

"ಸುಮ್ನೆ ಸಮಾಧಾನಕ್ಕೆ ಹೇಳ್ಬೇಡಿ."

"ಗಟ್ಟಿಯಾಗೇ ಹಾಕಿದ್ರಿ. ನಂಗೆ ಬಿಚ್ಚೋದಕ್ಕೇ ಆಗ್ತಿರ್ಲಿಲ್ಲ. ಉಗುರು ಮುರೀತು."

ಗಂಟಕ್ಕ ಅವಳ ಕಡೆ ತಿರುಗಿದಳು. ಆ ಹೆಬ್ಬೆರಳನ್ನೇ ನೋಡಿದಳು.

4.40ಕ್ಕೆ ಒಳಗಿನ ಕೋಣೆಯಲ್ಲಿ, ಮಹಿಳಾ ಕಾನ್ಸ್‌ಟೇಬಲ್ ಸಮ್ಮುಖದಲ್ಲಿ ವಿಚಾರಣೆ ನಡೆಯಿತು.

"ಗಂಟು ಯಾವಾಗ ಬಿಚ್ಚಿದ್ರಿ?"

"ಬೆಟ್ಟದ ಹತ್ರ ಹೋಗೋವರೆಗೂ ಬಿಚ್ತಾನೇ ಇದ್ದೆ."

"ಅವರಿಗೆ ಗೊತ್ತಾಗಲಿಲ್ವಾ?"

"ಏನು ಮಾಡ್ತಿದ್ದೀಯ ಅಂದ್ರು. ಲಾಡಿ ಸರಿ ಮಾಡ್ತಿದ್ದೀನಿ ಅಂದೆ. ನನ್ನ ಕೆಲಸಾನೇ ಅದಲ್ವಾ, ಸುಮ್ನಾದ್ರು."

"ಆಮೇಲೆ?"

"ಫೋಟೋ ತೆಗೀತೀನಿ, ಮುಂದೆ ಕ್ಲಿಪ್ಪು ಬಿಚ್ಕೊಳ್ಳಿ, ಶರ್ಟ್ ಚೆನ್ನಾಗಿದೆ ಅಂದೆ. ಎದ್ದು ನಿಂತ್ರು. ತಳ್ಳಿದೆ."

"ಈಜು ಬರಲ್ಲ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಕೂಗಿದ್ದು?"

"ಕೈ ಕಾಣಿಸೋದು ನಿಂತ ಮೇಲೆ."

ಇನ್ಸ್‌ಪೆಕ್ಟರ್ ಪೆನ್ನು ಕೆಳಗಿಟ್ಟ. "ನಿನ್ನೆ ಕೌಂಟರಿಂದ ರೂಮಿಗೆ ಫೋನ್ ಬಂದಾಗ ಅವರು ಏನಂದ್ರು?"

ಅವಳು ಮೊದಲ ಸಲ ತಲೆ ಎತ್ತಿದಳು. ಆ ಫೋನಿನ ವಿಷಯ ಬೇರೆಯವರಿಗೆ ಗೊತ್ತಿರಬಹುದು ಎಂದು ಅವಳು ಎಣಿಸಿರಲಿಲ್ಲ.

"ಫೋನ್ ಇಟ್ರು. ನಕ್ರು. 'ಮನೆಗೆ ಹೋಗೋಣ, ಇರು' ಅಂದ್ರು. ಅಷ್ಟೇ. ಆಮೇಲೆ ಮಲಗಿದ್ರು."

"ಇಲ್ಲಿ ಹೊಡೀಲಿಲ್ವಾ?"

"ಇಲ್ಲಿ ಗೋಡೆ ತೆಳು ಸಾರ್. ಪಕ್ಕದವರು ಕೆಮ್ಮಿದ್ರೆ ಕೇಳುತ್ತೆ. ನಮ್ಮ ಮನೆ ಕೊನೇ ಮನೆ, ಆಚೆ ಬರೀ ಕಾಂಪೌಂಡು." ಅವಳು ಮುರಿದ ಉಗುರನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಳು. "ಮದುವೆಯಾಗಿ ಹದಿನಾರು ವರ್ಷ. ಇಲ್ಲಿ ಮೂರು ರಾತ್ರಿ ನಿದ್ದೆ ಮಾಡಿದೆ. ಹಗಲು ಆ ಎತ್ತರದ ತೊಟ್ಟಿಲಲ್ಲಿ ಕೂತಾಗ ಅವರಿಗೆ ಭಯ ಆಗಿ ನನ್ನ ಕೈ ಹಿಡ್ಕೊಂಡ್ರು. ಹೀಗೂ ಇರೋಕೆ ಬರುತ್ತೆ ಇವ್ರಿಗೆ ಅಂತ ಅವತ್ತೇ ಗೊತ್ತಾಗಿದ್ದು. ಗೊತ್ತಾಗ್ದೇ ಇದ್ದಿದ್ರೆ ಮನೆಗೆ ಹೋಗ್ತಿದ್ದೆ ಸಾರ್. ಯಾವಾಗ್ಲೂ ಹೋಗ್ತಿದ್ದೆ."

ಎಫ್‌ಐಆರ್‌ನ ಕಲಂ ಕೊಲೆ ಎಂದು ಬದಲಾಯಿಸಲು ನ್ಯಾಯಾಲಯಕ್ಕೆ ವರದಿ ಹೋಯಿತು. ಸಂಜೆ 5.35ಕ್ಕೆ, ಸೂರ್ಯ ಮುಳುಗುವ ಮೊದಲು, ದೂರುದಾರಳನ್ನೇ ಬಂಧಿಸಲಾಯಿತು. ಬಂಧನದ ಸುದ್ದಿ ಯಾರಿಗೆ ತಿಳಿಸಬೇಕು ಎಂದು ದಫೇದಾರ ಕೇಳಿದ. ಅವಳು ಸ್ವಲ್ಪ ಯೋಚಿಸಿ, ಯಾರಿಗೂ ಬೇಡ ಎಂದಳು. ಹಾಗೆ ಬಿಡುವಂತಿಲ್ಲ, ಒಂದು ಹೆಸರು ಬೇಕೇ ಬೇಕು ಎಂದಾಗ ಬಟ್ಟೆ ಹೊಲಿಯಲು ಕೊಡುವ ಅಂಗಡಿಯವಳ ಹೆಸರು ಹೇಳಿದಳು. ನಾಲ್ಕು ಬಟ್ಟೆ ಬಾಕಿ ಇದೆ, ಬೇರೆಯವರಿಗೆ ಕೊಡಲಿ ಎಂದಳು.

ಗಂಟಕ್ಕನನ್ನು ಹೇಳಿಕೆ ಪಡೆದು ಬಿಟ್ಟರು. ಬಾಗಿಲು ದಾಟುವಾಗಲೇ ಅವಳಿಗೆ ಮ್ಯಾನೇಜರ್ ಫೋನ್ ಬಂತು. ರೂಲ್ ಬುಕ್ಕಿನಲ್ಲಿ ಇಲ್ಲದ ಕೆಲಸ ಮಾಡಿದ್ದಕ್ಕೆ ನಾಳೆಯಿಂದ ಬರಬೇಡ ಎಂದ. ಅವಳು ಆಯ್ತು ಎಂದು ಫೋನನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಒಳಗೊಮ್ಮೆ ತಿರುಗಿ ನೋಡಿ ಹೋದಳು.

ಕೇಸ್ ಡೈರಿಯಲ್ಲಿ ಉದ್ದೇಶ ಎಂಬ ಕಾಲಂಗೆ ಎರಡು ಗೆರೆಯಷ್ಟು ಜಾಗ. ದ್ವೇಷ, ಆಸ್ತಿ, ಅನೈತಿಕ ಸಂಬಂಧ, ಸಾಮಾನ್ಯವಾಗಿ ಇವುಗಳಲ್ಲಿ ಒಂದು ಅಲ್ಲಿ ಹಿಡಿಯುತ್ತಿತ್ತು. ಇನ್ಸ್‌ಪೆಕ್ಟರ್ ಬಹಳ ಹೊತ್ತು ಕೂತು, "ಮನೆಗೆ ಮರಳುವ ಭಯ" ಎಂದು ಬರೆದ. ಒಂದು ಗೆರೆಯೂ ತುಂಬಲಿಲ್ಲ. ಉಳಿದದ್ದನ್ನು ಹಾಗೇ ಬಿಟ್ಟ.

ಕಾನ್ಸ್‌ಟೇಬಲ್ ಲಾಕಪ್ಪಿನ ಬೀಗ ತೆಗೆದಳು. ನಾಲ್ಕು ಹೆಜ್ಜೆಯ ಕೋಣೆ, ಒಂದು ಚಾಪೆ, ಒಂದು ಹೊದಿಕೆ. ಹೆಂಗಸು ಒಳಗೆ ಹೋಗಿ ಸುತ್ತ ನೋಡಿದಳು. ಗೋಡೆಯ ಮೇಲೆ ಅಂಗೈ ಇಟ್ಟಳು.

"ಈ ಗೋಡೆ ಆಚೆ ಯಾರಿರ್ತಾರೆ?"

"ನಾನೇ. ಅಲ್ಲಿ ನನ್ನ ಟೇಬಲ್ ಇದೆ."

"ಇಲ್ಲಿ ಮಾತಾಡಿದ್ರೆ ಕೇಳುತ್ತಾ?"

"ಕೇಳುತ್ತೆ."

ಹೆಂಗಸು ತಲೆಯಾಡಿಸಿ, ಚಾಪೆಯನ್ನು ಆ ಗೋಡೆಯ ಪಕ್ಕಕ್ಕೆ ಎಳೆದುಕೊಂಡಳು. ಕಾನ್ಸ್‌ಟೇಬಲ್ ಬೀಗ ಹಾಕಿ, ರಿಜಿಸ್ಟರಿನಲ್ಲಿ ವೇಳೆ ಬರೆದಳು: 6.05. ಹತ್ತು ನಿಮಿಷ ಬಿಟ್ಟು ಹೋಗಿ ನೋಡಿದಾಗ ಅವಳು ನಿದ್ದೆ ಹೋಗಿದ್ದಳು.